ಎಲ್‌ಇಡಿ ದೀಪಕ್ಕೆ ಕರ್ನಲ್ ಡ್ರೈವರ್: ಬರೆದವರು ನಿಮ್ಮ ಅನುಭವ ಹೇಳಿ

ಭೋಸರಿ, ಪುಣೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವನು. ಎರಡು ವರ್ಷದಿಂದ ಭೋಸರಿಯಲ್ಲಿ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಂಪನಿಯಲ್ಲಿದ್ದೇನೆ. ಇಷ್ಟು ದಿನ ಸಿ ಭಾಷೆಯಲ್ಲಿ ಅಪ್ಲಿಕೇಶನ್ ಬರೆಯುತ್ತಿದ್ದೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ಕೈ ಹಾಕಿರಲಿಲ್ಲ. ಈಗ ಹೊಸ ಪ್ಯಾನೆಲ್‌ನ ದೀಪಗಳಿಗೆ ಲಿನಕ್ಸ್ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕರ್ನಲ್ ಕೋಡ್) ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಬೋರ್ಡ್‌ನಲ್ಲಿರುವುದು ಎಎಂ335ಎಕ್ಸ್ ಚಿಪ್, ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್‌ನಲ್ಲಿ ಇರುವಂಥದ್ದು. ಕೆಂಪು, ಹಳದಿ, ಹಸಿರು ಮೂರು ದೀಪಗಳು ನೇರವಾಗಿ ಜಿಪಿಐಒ (ಕೋಡ್‌ನಿಂದ ಆನ್-ಆಫ್ ಮಾಡಬಹುದಾದ) ಪಿನ್‌ಗಳಿಗೆ ಸೇರಿವೆ. ಇನ್ನು 8 ದೀಪಗಳನ್ನು ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ನೋಡಿಕೊಳ್ಳುತ್ತದೆ. ಅದರ ಫರ್ಮ್‌ವೇರ್ ನಮ್ಮವರೇ ಬರೆದದ್ದು. ಅದರ ಜೊತೆ ಐ2ಸಿ ಎಂಬ ಎರಡು ತಂತಿಯ ಬಸ್ ಮೂಲಕ ಮಾತಾಡಬೇಕು. ಒಂದು ರಿಜಿಸ್ಟರ್‌ನಲ್ಲಿ (ಚಿಪ್ ಒಳಗಿನ ಚಿಕ್ಕ ಮೆಮೊರಿ ಜಾಗ) ಎರಡು ದೀಪ, ಒಂದೊಂದಕ್ಕೆ 4 ಬಿಟ್.

ಮೂರು ದೀಪಗಳಿಗೆ ಐಒರೀಮ್ಯಾಪ್ ಮಾಡಿ (ಚಿಪ್‌ನ ರಿಜಿಸ್ಟರ್ ವಿಳಾಸವನ್ನು ಕರ್ನಲ್ ಕೋಡ್‌ಗೆ ಸಿಗುವಂತೆ ಮಾಡಿ) ರಿಜಿಸ್ಟರ್‌ಗೆ ನೇರವಾಗಿ ಬರೆ ಎಂದು ಸೀನಿಯರ್ ಹೇಳುತ್ತಿದ್ದಾರೆ. ಅದು ಸರಿಯಾ? ಎರಡನೆಯದು ದೊಡ್ಡ ತಲೆನೋವು. ಐ2ಸಿ ದೀಪಗಳಿಗೆ ಡ್ರೈವರ್ ಬರೆದಿದ್ದೇನೆ. ಶೆಲ್‌ನಿಂದ (ಕಮಾಂಡ್ ಕೊಡುವ ಜಾಗ) ಎಕೋ ಮಾಡಿ ಬೆಳಕಿನ ಮಟ್ಟ ಕೊಟ್ಟರೆ ದೀಪ ಸರಿಯಾಗಿ ಹತ್ತುತ್ತದೆ. ಅದೇ ದೀಪಕ್ಕೆ ಹಾರ್ಟ್‌ಬೀಟ್ ಟ್ರಿಗರ್ (ಕರ್ನಲ್ ತಾನೇ ದೀಪವನ್ನು ಎದೆಬಡಿತದಂತೆ ಮಿಣುಕಿಸುವುದು) ಕೊಟ್ಟ ಕೂಡಲೇ ‘ಬಗ್: ಶೆಡ್ಯೂಲಿಂಗ್ ವೈಲ್ ಅಟಾಮಿಕ್’ ಎಂಬ ಸಾಲುಗಳು ಪರದೆ ತುಂಬ ಬರುತ್ತವೆ. ಕೆಲವು ಸಲ ಬೋರ್ಡ್ ಪೂರ್ತಿ ನಿಂತುಹೋಗುತ್ತದೆ. ಒಂದು ವಾರದಿಂದ ಇದರಲ್ಲೇ ಇದ್ದೇನೆ. ಮನೆಯಲ್ಲಿ ಸಂಜೆ ಕೂತು ಕಲಿಯಲು ಏನು ಬೇಕು ಅಂತಲೂ ಹೇಳಿ.

ಡೊಂಬಿವಲಿಯಿಂದ

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಆ ಮೂರು ದೀಪಗಳಿಗೆ ಒಂದು ಸಾಲು ಸಿ ಕೋಡ್ ಕೂಡ ಬರೆಯಬೇಡಿ. ಕರ್ನಲ್‌ನಲ್ಲಿ ಲೆಡ್ಸ್-ಜಿಪಿಐಒ ಅನ್ನುವ ಡ್ರೈವರ್ ಆಗಲೇ ಇದೆ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ಫೈಲ್) ಒಂದು ನೋಡ್ ಬರೆದು, ಕಂಪ್ಯಾಟಿಬಲ್ ಎಂಬಲ್ಲಿ ‘ಜಿಪಿಐಒ-ಲೆಡ್ಸ್’ ಎಂದು ಕೊಟ್ಟು, ಒಂದೊಂದು ದೀಪಕ್ಕೂ ಪಿನ್, ಬಣ್ಣ, ಕೆಲಸ ತಿಳಿಸಿದರೆ ಆಯಿತು. ಬೂಟ್ ಆದ ಮೇಲೆ ಸಿಸ್‌ಎಫ್‌ಎಸ್‌ನ (ಡಿವೈಸ್‌ಗಳನ್ನು ಫೈಲ್‌ಗಳಂತೆ ತೋರಿಸುವ ಜಾಗ) ಲೆಡ್ಸ್ ಕ್ಲಾಸ್‌ನಲ್ಲಿ ಮೂರೂ ಕಾಣುತ್ತವೆ. ಪಿಡಬ್ಲ್ಯೂಎಂ (ಬೇಗ ಬೇಗ ಆನ್-ಆಫ್ ಮಾಡಿ ಬೆಳಕು ಹೆಚ್ಚು-ಕಡಿಮೆ ಮಾಡುವ) ಪಿನ್‌ಗೆ ಸೇರಿಸಿದ ದೀಪಗಳಿಗೂ ಹೀಗೇ ಸಿದ್ಧ ಡ್ರೈವರ್ ಇದೆ.

ಐಒರೀಮ್ಯಾಪ್ ಬೇಡ ಎನ್ನಲು ಕಾರಣ ಇದೆ. ನಿಮ್ಮ ಚಿಪ್‌ನಲ್ಲಿ ಜಿಪಿಐಒ ಬ್ಲಾಕ್‌ಗಳ ಕ್ಲಾಕ್ ಅನ್ನು ಕರ್ನಲ್ ತನಗೆ ಬೇಡವಾದಾಗ ನಿಲ್ಲಿಸಬಹುದು. ನಿಂತ ಬ್ಲಾಕ್‌ನ ರಿಜಿಸ್ಟರ್ ಮುಟ್ಟಿದರೆ ‘ಎಕ್ಸ್‌ಟರ್ನಲ್ ಅಬಾರ್ಟ್’ ಬಂದು ಕರ್ನಲ್ ಬೀಳುತ್ತದೆ. ನಾನು ಶುರುವಿನಲ್ಲಿ ಹೀಗೇ ಮಾಡಿದ್ದೆ. ನನ್ನ ಟೇಬಲ್ ಮೇಲೆ ತಿಂಗಳುಗಟ್ಟಲೆ ಓಡಿತು. ಅದೇ ಬ್ಲಾಕ್‌ನ ಇನ್ನೊಂದು ಪಿನ್ ಅನ್ನು ಬೇರೆ ಯಾರೋ ಬಳಸುತ್ತಿದ್ದರು, ಅದಕ್ಕೇ ಕ್ಲಾಕ್ ಓಡುತ್ತಿತ್ತು ಅಷ್ಟೇ. ಅವರು ಆ ಡ್ರೈವರ್ ತೆಗೆದ ದಿನ ನನ್ನದು ಬಿದ್ದಿತು. ಆ ರಿಜಿಸ್ಟರ್‌ಗಳಿಗೆ ಒಬ್ಬ ಯಜಮಾನ ಇದ್ದಾನೆ, ಜಿಪಿಐಒ ಡ್ರೈವರ್. ಅವನನ್ನು ಕೇಳಿಯೇ ಪಿನ್ ತಗೊಳ್ಳಬೇಕು. ಸೀನಿಯರ್‌ಗೆ ಈ ಕ್ಲಾಕ್ ವಿಷಯ ಹೇಳಿ, ಒಪ್ಪುತ್ತಾರೆ.

ಇನ್ನೊಂದು ಮಾತು. ದೀಪ ಉಲ್ಟಾ ಹತ್ತಿದರೆ, ಅಂದರೆ 0 ಕೊಟ್ಟಾಗ ಬೆಳಗಿ 1 ಕೊಟ್ಟಾಗ ಆರಿದರೆ, ಕೋಡ್‌ನಲ್ಲಿ ತಿರುಗಿಸಲು ಹೋಗಬೇಡಿ. ಡಿವೈಸ್ ಟ್ರೀಯಲ್ಲಿ ಪಿನ್ ಆಕ್ಟಿವ್ ಲೋ ಎಂದು ಬರೆಯಿರಿ. ಹಾರ್ಡ್‌ವೇರ್ ಹೇಗಿದೆ ಅನ್ನುವುದು ಅಲ್ಲೇ ಇರಬೇಕು.

ಕೊಥ್ರೂಡ್, ಪುಣೆಯಿಂದ

ಎರಡನೇ ಪ್ರಶ್ನೆ ಓದಿದ ಕೂಡಲೇ ನನ್ನ ಹಳೆಯ ದಿನಗಳು ನೆನಪಾದವು. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ನಿಮ್ಮ ಕೋಡ್ ನೋಡದೆಯೇ ಹೇಳುತ್ತೇನೆ. ದೀಪದ ವಿವರ ಇಡುವ ‘ಎಲ್‌ಇಡಿ ಕ್ಲಾಸ್‌ಡೆವ್’ ಸ್ಟ್ರಕ್ಟ್‌ನಲ್ಲಿ ನೀವು ‘ಬ್ರೈಟ್‌ನೆಸ್ ಸೆಟ್’ ಎಂಬ ಜಾಗಕ್ಕೆ ನಿಮ್ಮ ಫಂಕ್ಷನ್ ಕೊಟ್ಟಿದ್ದೀರಿ, ಅಲ್ವಾ? ಅದರ ಪಕ್ಕದಲ್ಲೇ ‘ಬ್ರೈಟ್‌ನೆಸ್ ಸೆಟ್ ಬ್ಲಾಕಿಂಗ್’ ಅಂತ ಇನ್ನೊಂದಿದೆ. ನಿಮಗೆ ಬೇಕಾದದ್ದು ಅದು. ಫಂಕ್ಷನ್ ಅಲ್ಲಿಗೆ ಸರಿಸಿ, ಇಂಟ್ ವಾಪಸ್ ಕೊಡುವಂತೆ ಮಾಡಿ. ಆ ಸಾಲುಗಳು ನಿಲ್ಲುತ್ತವೆ.

ಯಾಕೆ ಅಂತ ತಿಳಿಯದೆ ಮುಂದೆ ಹೋಗಬೇಡಿ, ಇದು ಮುಂದಿನ ಪ್ರತಿ ಡ್ರೈವರ್‌ನಲ್ಲೂ ಬರುತ್ತದೆ. ಐ2ಸಿಯಲ್ಲಿ ಒಂದು ರಿಜಿಸ್ಟರ್ ಬರೆಯಲು ವಿಳಾಸ, ರಿಜಿಸ್ಟರ್ ಸಂಖ್ಯೆ, ಡೇಟಾ ಎಂದು ಮೂರು ಬೈಟ್ ಹೋಗಬೇಕು. ಪ್ರತಿ ಬೈಟ್‌ಗೆ ಒಪ್ಪಿಗೆಯ ಬಿಟ್ ಸೇರಿ 9 ಬಿಟ್. ಒಟ್ಟು 27. ಬಸ್ 100 ಕಿಲೋಹರ್ಟ್ಸ್‌ನಲ್ಲಿ ಓಡಿದರೆ ಇದಕ್ಕೆ ಹತ್ತಿರ ಹತ್ತಿರ 0.3 ಮಿಲಿಸೆಕೆಂಡ್ ಬೇಕು. ನಮಗೆ ಅದು ಏನೂ ಅಲ್ಲ. 1 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಸುಮಾರು 3 ಲಕ್ಷ ಕ್ಲಾಕ್ ಸುತ್ತು. ಅಷ್ಟು ಹೊತ್ತು ಸುಮ್ನೆ ಕಾಯುವುದು ಬೇಡ ಅಂತ ಐ2ಸಿ ಡ್ರೈವರ್ ನಿಮ್ಮ ಕೋಡ್ ಅನ್ನು ಮಲಗಿಸಿ, ಪ್ರೊಸೆಸರ್ ಅನ್ನು ಬೇರೆ ಕೆಲಸಕ್ಕೆ ಬಿಡುತ್ತದೆ.

ನೀವು ಎಕೋ ಮಾಡಿದಾಗ ನಿಮ್ಮ ಫಂಕ್ಷನ್‌ವರೆಗೆ ಬರುವುದು ಶೆಲ್‌ನ ಪ್ರೋಸೆಸ್. ಅದು ಮಲಗಬಹುದು, ಆಮೇಲೆ ಏಳಬಹುದು. ಅದಕ್ಕೇ ಎಕೋ ಯಾವಾಗಲೂ ಸರಿ ಬರುತ್ತದೆ. ಹಾರ್ಟ್‌ಬೀಟ್ ಹಾಕಿದಾಗ ಕರೆಯುವುದು ಕರ್ನಲ್‌ನ ಟೈಮರ್. ಟೈಮರ್ ಕೋಡ್ ಸಾಫ್ಟ್ ಇಂಟರಪ್ಟ್‌ನಲ್ಲಿ ಓಡುತ್ತದೆ. ಅಲ್ಲಿ ಮಲಗಲು ಅದಕ್ಕೆ ತನ್ನದೇ ಒಂದು ಪ್ರೋಸೆಸ್ ಇಲ್ಲ. ಆ ಗಳಿಗೆಯಲ್ಲಿ ಪ್ರೊಸೆಸರ್ ಮೇಲೆ ಯಾವ ಪ್ರೋಸೆಸ್ ಇತ್ತೋ ಅದರ ನಡುವೆ ನುಗ್ಗಿ ಕೆಲಸ ಮಾಡುತ್ತಿರುತ್ತದೆ. ಅಲ್ಲಿ ಮಲಗಿದರೆ ಸಂಬಂಧವೇ ಇಲ್ಲದ ಆ ಪ್ರೋಸೆಸ್ ಸಿಕ್ಕಿಬೀಳುತ್ತದೆ. ನೀವು ನೋಡುತ್ತಿರುವ ಸಾಲು ಹೇಳುವುದು ಇದನ್ನೇ.

‘ಬ್ಲಾಕಿಂಗ್’ ಜಾಗದಲ್ಲಿ ಕೊಟ್ಟರೆ, ಟೈಮರ್ ಬಂದಾಗ ಎಲ್‌ಇಡಿ ಕೋರ್ (ಎಲ್ಲ ದೀಪಗಳಿಗೂ ಒಂದೇ ಆದ ಕರ್ನಲ್ ಕೋಡ್) ತಾನೇ ಆ ಕೆಲಸವನ್ನು ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸರದಿ) ಹಾಕುತ್ತದೆ. ವರ್ಕ್‌ಕ್ಯೂ ಮಲಗಬಹುದು. ತುಂಬ ಹಳೆಯ ಡ್ರೈವರ್‌ಗಳಲ್ಲಿ ಪ್ರತಿಯೊಬ್ಬರೂ ತಮ್ಮದೇ ವರ್ಕ್‌ಕ್ಯೂ ಬರೆದಿರುವುದು ಕಾಣುತ್ತದೆ. ಅದನ್ನು ನೋಡಿ ಕಾಪಿ ಮಾಡಬೇಡಿ. ಇದರಿಂದ ಒಂದು ಪರಿಣಾಮವೂ ಇದೆ. ತೀರಾ ಬೇಗ ಬೇಗ ಮಟ್ಟ ಬದಲಿಸಿದರೆ ನಡುವಿನವು ಬಿಟ್ಟುಹೋಗಿ ಕೊನೆಯದು ಮಾತ್ರ ಚಿಪ್‌ಗೆ ತಲುಪಬಹುದು. ದೀಪಕ್ಕೆ ಅದು ಸಾಕು.

ನನ್ನ ಅನುಭವ ಹೇಳುತ್ತೇನೆ. ಆರು ವರ್ಷದ ಹಿಂದೆ ನಾವು ಎಕೋ ಮಾಡಿಯೇ ಪರೀಕ್ಷೆ ಮುಗಿಸಿದ್ದೆವು. ಚಾಕಣದ ಒಂದು ಕಾರ್ಖಾನೆಯಲ್ಲಿ ಪ್ಯಾನೆಲ್ ಕೂರಿಸಿದ ಮೇಲೆ ಅಪ್ಲಿಕೇಶನ್‌ನವರು ಎಚ್ಚರಿಕೆ ದೀಪಕ್ಕೆ ಟೈಮರ್ ಟ್ರಿಗರ್ ಹಾಕಿದರು. ಕೆಲವು ಗಂಟೆಗೊಮ್ಮೆ ಬೋರ್ಡ್ ತಾನಾಗಿ ರೀಬೂಟ್. ಪವರ್ ಸಪ್ಲೈ ಬದಲಿಸಿದೆವು, ಅರ್ತಿಂಗ್ ನೋಡಿದೆವು. ಮೂರನೇ ರಾತ್ರಿ ಸೀರಿಯಲ್ ಕೇಬಲ್ ಹಾಕಿ ಕೂತಾಗ ಈ ಸಾಲು ಕಂಡಿತು. ಸಿಕ್ಕಿಬಿದ್ದ ಬೋರ್ಡ್ ಅನ್ನು ವಾಚ್‌ಡಾಗ್ (ಸಿಸ್ಟಮ್ ನಿಂತರೆ ರೀಬೂಟ್ ಮಾಡಿಸುವ ಟೈಮರ್) ರೀಸೆಟ್ ಮಾಡುತ್ತಿತ್ತು. ನಿಮಗೆ ಇದು ಟೇಬಲ್ ಮೇಲೇ ಕಂಡಿದೆ, ಒಳ್ಳೆಯದಾಯಿತು. ಇವತ್ತೇ ಕರ್ನಲ್ ಕಾನ್ಫಿಗ್‌ನಲ್ಲಿ ‘ಡೀಬಗ್ ಅಟಾಮಿಕ್ ಸ್ಲೀಪ್’ ಮತ್ತು ‘ಪ್ರೂವ್ ಲಾಕಿಂಗ್’ (ತಪ್ಪು ಜಾಗದಲ್ಲಿ ಮಲಗುವುದನ್ನು, ಲಾಕ್ ತಪ್ಪುಗಳನ್ನು ಹಿಡಿಯುವ ಆಯ್ಕೆಗಳು) ಎರಡನ್ನೂ ಆನ್ ಮಾಡಿ. ಬೋರ್ಡ್ ನಿಧಾನ ಆಗುತ್ತದೆ, ಆಗಲಿ. ಡ್ರೈವರ್ ಬರೆಯುವಷ್ಟು ದಿನ ಅವು ಆನ್ ಇರಬೇಕು.

ನಿಮ್ಮ ಬೋರ್ಡ್‌ನಲ್ಲಿ ಇನ್ನೊಂದು ಕಾದಿದೆ. ಒಂದು ರಿಜಿಸ್ಟರ್‌ನಲ್ಲಿ ಎರಡು ದೀಪ ಅಂದಿರಿ. ಒಂದನ್ನು ಬದಲಿಸಲು ಹಳೆಯ ಬೆಲೆ ಓದಿ, 4 ಬಿಟ್ ತಿದ್ದಿ, ವಾಪಸ್ ಬರೆಯಬೇಕು. ಓದಿದ ಮೇಲೆ ಬರೆಯುವ ಮುಂಚೆ ಪಕ್ಕದ ದೀಪದ ಕೆಲಸ ನಡುವೆ ಬಂದರೆ, ಅದು ಬರೆದದ್ದನ್ನು ನೀವು ಅಳಿಸುತ್ತೀರಿ. ಪ್ರೊಸೆಸರ್‌ನಲ್ಲಿ ಒಂದೇ ಕೋರ್ ಇದೆ, ನನಗೆ ಈ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಐ2ಸಿಗಾಗಿ ಮಲಗಿದಾಗಲೇ ಇನ್ನೊಂದು ಕೆಲಸಕ್ಕೆ ಜಾಗ ಸಿಗುತ್ತದೆ. ರೆಗ್‌ಮ್ಯಾಪ್ (ರಿಜಿಸ್ಟರ್ ಓದಿ ಬರೆಯಲು ಕರ್ನಲ್‌ನಲ್ಲೇ ಇರುವ ಸಿದ್ಧ ಕೋಡ್) ಬಳಸಿ, ಅದರ ‘ಅಪ್‌ಡೇಟ್ ಬಿಟ್ಸ್’ ಕರೆಯಿರಿ. ಓದುವುದು, ತಿದ್ದುವುದು, ಬರೆಯುವುದು ಮೂರನ್ನೂ ಅದು ಒಂದೇ ಲಾಕ್ ಒಳಗೆ ಮಾಡುತ್ತದೆ. ಮ್ಯಾಕ್ಸ್ ಬ್ರೈಟ್‌ನೆಸ್ 15 ಎಂದು ಕೊಡುವುದನ್ನೂ ಮರೆಯಬೇಡಿ. ಖಾಲಿ ಬಿಟ್ಟರೆ ಎಲ್‌ಇಡಿ ಕೋರ್ 255 ಎಂದು ಹಿಡಿಯುತ್ತದೆ, ಆಗ ನಿಮ್ಮ 4 ಬಿಟ್‌ಗೆ ಹಿಡಿಸದ ಸಂಖ್ಯೆಗಳು ಬರುತ್ತವೆ.

ವೆರ್ಣಾ, ಗೋವಾದಿಂದ

ಕೊಥ್ರೂಡ್‌ನ ಅಕ್ಕ ಎಲ್ಲ ಬಿಡಿಸಿ ಹೇಳಿದ್ದಾರೆ. ನಾನು ಹಾರ್ಡ್‌ವೇರ್ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಪ್ರೋಬ್ (ಡ್ರೈವರ್ ತನ್ನ ಚಿಪ್ ಅನ್ನು ಮೊದಲು ಹಿಡಿಯುವ ಹಂತ) ಫೇಲ್ ಆದರೆ ಮೊದಲು ಬಸ್‌ನಲ್ಲಿರುವ ಚಿಪ್‌ಗಳನ್ನು ಹುಡುಕುವ ಐ2ಸಿಡಿಟೆಕ್ಟ್ ಓಡಿಸಿ. ಚಿಪ್‌ನ ವಿಳಾಸ ಕಂಡರೆ ತಂತಿ ಸರಿ ಇದೆ. ವಿಳಾಸದ ಜಾಗದಲ್ಲಿ ಎರಡು ‘ಯು’ ಕಂಡರೆ ಯಾವುದೋ ಡ್ರೈವರ್ ಆಗಲೇ ಅದನ್ನು ಹಿಡಿದಿದೆ. ಏನೂ ಕಾಣದಿದ್ದರೆ ಕೋಡ್ ಬಿಟ್ಟು ಮಲ್ಟಿಮೀಟರ್ ತಗೊಳ್ಳಿ. ಎರಡೂ ಗೆರೆಗಳಿಗೆ ಪುಲ್-ಅಪ್ ರೆಸಿಸ್ಟರ್ ಇದೆಯಾ, ಬಸ್ ಸುಮ್ಮನಿರುವಾಗ ವೋಲ್ಟೇಜ್ ಮೇಲಿದೆಯಾ ನೋಡಿ. ಇಲ್ಲಿ ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ. ಕನೆಕ್ಟರ್‌ಗೆ ಹಸಿರು ಹಿಡಿದು ಐ2ಸಿ ನಿಂತದ್ದನ್ನು ನಾನು ಡ್ರೈವರ್ ಬಗ್ ಎಂದು ಎರಡು ದಿನ ಹುಡುಕಿದ್ದೇನೆ.

ಮೈಕ್ರೋಕಂಟ್ರೋಲರ್‌ಗೆ ಬೇರೆ ರೆಗ್ಯುಲೇಟರ್‌ನಿಂದ ಕರೆಂಟ್ ಬರುತ್ತಿದ್ದರೆ ಡ್ರೈವರ್ ಅದನ್ನು ಕೇಳಿ ಪಡೆಯಬೇಕು. ಆ ರೆಗ್ಯುಲೇಟರ್‌ನ ಡ್ರೈವರ್ ಇನ್ನೂ ಎದ್ದಿಲ್ಲದಿದ್ದರೆ ‘ಪ್ರೋಬ್ ಡಿಫರ್’ ಎಂಬ ಎರರ್ ಬರುತ್ತದೆ. ಅದನ್ನು ಹಾಗೇ ವಾಪಸ್ ಕೊಡಿ, ಕರ್ನಲ್ ಆಮೇಲೆ ಮತ್ತೆ ಕರೆಯುತ್ತದೆ. ಅದನ್ನು ಬೇರೆ ಎರರ್ ಆಗಿ ಬದಲಿಸಿದರೆ ಮತ್ತೆ ಕರೆಯುವುದಿಲ್ಲ.

ಮಾಟುಂಗಾ, ಮುಂಬೈಯಿಂದ

ನಾನು ಇನ್ನೂ ಎಂಜಿನಿಯರಿಂಗ್ ಓದುತ್ತಿದ್ದೇನೆ, ಹಾಗಾಗಿ ಮನೆಯಲ್ಲಿ ಕಲಿಯುವುದರ ಬಗ್ಗೆ ಮಾತ್ರ ಹೇಳುತ್ತೇನೆ. ಅಣ್ಣಾ, ಶುರು ಮಾಡಲು ಬೋರ್ಡ್ ಕೂಡ ಬೇಡ. ಕರ್ನಲ್‌ನಲ್ಲಿ ಯುಲೆಡ್ಸ್ ಅನ್ನುವ ಮಾಡ್ಯೂಲ್ (ಬೇಕಾದಾಗ ಸೇರಿಸಿ ತೆಗೆಯಬಹುದಾದ ಕರ್ನಲ್ ಭಾಗ) ಇದೆ. ಅದನ್ನು ಲೋಡ್ ಮಾಡಿದರೆ ಒಂದು ಸಣ್ಣ ಪ್ರೋಗ್ರಾಮ್‌ನಿಂದ ಸುಳ್ಳು ಎಲ್‌ಇಡಿ ಹುಟ್ಟಿಸಬಹುದು. ಟ್ರಿಗರ್ ಕೊಟ್ಟಾಗ ಯಾವ ಮಟ್ಟ ಯಾವಾಗ ಬರುತ್ತದೆ ಅಂತ ಲ್ಯಾಪ್‌ಟಾಪ್‌ನಲ್ಲೇ ಓದಬಹುದು. ಹಾರ್ಟ್‌ಬೀಟ್ ಟ್ರಿಗರ್ ಕಂಪ್ಯೂಟರ್‌ನ ಲೋಡ್ ನೋಡಿ ವೇಗ ಬದಲಿಸುತ್ತದೆ ಅಂತ ನನಗೆ ತಿಳಿದದ್ದು ಹೀಗೆ. ಲೋಡ್ ಇಲ್ಲದಾಗ 1.26 ಸೆಕೆಂಡಿಗೆ ಒಂದು ಬಡಿತ, ಲೋಡ್ ಏರಿದಂತೆ ಬೇಗ ಬೇಗ. ಆಮೇಲೆ ಅದರ ಸೋರ್ಸ್ ಕೋಡ್ ಓದಿದೆ. ತುಂಬಾ ಚಿಕ್ಕದು, ನೀವೂ ಓದಿ.

ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ 4 ಯೂಸರ್ ದೀಪಗಳಿವೆ, ಮೊದಲನೆಯದಕ್ಕೆ ಹಾರ್ಟ್‌ಬೀಟ್ ಟ್ರಿಗರ್ ಆಗಲೇ ಇರುತ್ತದೆ. ಬಿಡಿ ಭಾಗಗಳಿಗೆ ನಾವು ಗ್ರಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡ್‌ಗೆ ಹೋಗುತ್ತೇವೆ. ನಿಮಗೆ ಬುಧವಾರ ಪೇಠೆ ಹತ್ತಿರ. ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಎಲ್‌ಇಡಿ, ರೆಸಿಸ್ಟರ್, ಬ್ರೆಡ್‌ಬೋರ್ಡ್ ಎಲ್ಲ ಸಿಗುತ್ತದೆ. ಅಲ್ಲಿ ಬಣ್ಣ ಬದಲಿಸುವ ಡಬ್ಲ್ಯೂಎಸ್2812 ಪಟ್ಟಿ ಕಂಡು ಆಸೆಯಾಗುತ್ತದೆ. ಮೊದಲ ಡ್ರೈವರ್‌ಗೆ ಅದು ಬೇಡ. ಅದರಲ್ಲಿ ಒಂದು ಬಿಟ್‌ಗೆ ಇರುವುದು 1.25 ಮೈಕ್ರೋಸೆಕೆಂಡ್. ಕೈಯಾರೆ ಪಿನ್ ಆಡಿಸಿ ಅಷ್ಟು ನಿಖರ ಸಮಯ ಹಿಡಿಯಲು ಇಂಟರಪ್ಟ್‌ಗಳು ಬಿಡುವುದಿಲ್ಲ.

ಭೋಸರಿ, ಪುಣೆಯಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ದೀಪಗಳು ಡಿವೈಸ್ ಟ್ರೀಯಲ್ಲೇ ಮುಗಿದವು. ಸೀನಿಯರ್‌ಗೆ ಕ್ಲಾಕ್ ವಿಷಯ ಹೇಳಿದೆ, ಅವರೇ ಕೂತು ನನ್ನ ಐಒರೀಮ್ಯಾಪ್ ಕೋಡ್ ತೆಗೆಸಿದರು. ಅಕ್ಕಾ, ನೀವು ಹೇಳಿದ ಜಾಗದಲ್ಲೇ ನನ್ನ ತಪ್ಪಿತ್ತು. ಈಗ 8 ದೀಪಗಳಿಗೂ ಹಾರ್ಟ್‌ಬೀಟ್ ಹಾಕಿ ಇಡೀ ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ಬಂದು ಡಿಮೆಸೇಜ್ (ಕರ್ನಲ್ ಸಂದೇಶಗಳ ಪಟ್ಟಿ) ನೋಡಿದರೆ ಒಂದು ಸಾಲೂ ಇಲ್ಲ. ಖುಷಿಯಾಯಿತು.

ಒಂದು ಉಳಿದಿದೆ. ಮಾಡ್ಯೂಲ್ ತೆಗೆಯುವಾಗ 8 ಸಲ ‘-121’ ಎರರ್ ಬರುತ್ತದೆ. ರಿಮೂವ್ ಫಂಕ್ಷನ್‌ನಲ್ಲಿ ನಾನು ಮೈಕ್ರೋಕಂಟ್ರೋಲರ್‌ನ ಪವರ್ ಆಫ್ ಮಾಡುತ್ತೇನೆ, ಅಷ್ಟೇ.

ಕೊಥ್ರೂಡ್, ಪುಣೆಯಿಂದ

8 ದೀಪ, 8 ಎರರ್. ಉತ್ತರ ಅಲ್ಲೇ ಇದೆ ನೋಡಿ. ನೀವು ದೀಪಗಳನ್ನು ‘ಡೆವ್‌ಎಂ’ ಕರೆಯಿಂದ ರಿಜಿಸ್ಟರ್ ಮಾಡಿದ್ದೀರಿ. ಹಾಗೆ ಮಾಡಿದವನ್ನು ಕರ್ನಲ್ ನಿಮ್ಮ ರಿಮೂವ್ ಮುಗಿದ ಮೇಲೆ ಬಿಚ್ಚುತ್ತದೆ. ಬಿಚ್ಚುವಾಗ ಪ್ರತಿ ದೀಪವನ್ನೂ ಆರಿಸಲು ನಿಮ್ಮ ಫಂಕ್ಷನ್ ಅನ್ನು ಕೊನೆಯ ಸಲ ಕರೆಯುತ್ತದೆ. ಅಷ್ಟರಲ್ಲಿ ನೀವು ಪವರ್ ತೆಗೆದಾಗಿದೆ, ಆ ಕಡೆಯಿಂದ ಉತ್ತರ ಕೊಡುವವರು ಯಾರೂ ಇಲ್ಲ.

ರಿಮೂವ್ ಫಂಕ್ಷನ್ ಪೂರ್ತಿ ತೆಗೆದುಹಾಕಿ. ಪವರ್ ಆಫ್ ಮಾಡುವ ಕೆಲಸವನ್ನೂ ‘ಡೆವ್‌ಎಂ ಆ್ಯಡ್ ಆ್ಯಕ್ಷನ್’ ಮೂಲಕ ಸೇರಿಸಿ, ಅದೂ ದೀಪಗಳನ್ನು ರಿಜಿಸ್ಟರ್ ಮಾಡುವ ಮುಂಚೆ. ಕೊನೆಗೆ ಸೇರಿಸಿದ್ದು ಮೊದಲು ಬಿಚ್ಚುತ್ತದೆ. ದೀಪಗಳು ಆರಿದ ಮೇಲೆ ಪವರ್ ಹೋಗುತ್ತದೆ. ಹಾರ್ಟ್‌ಬೀಟ್ ಓಡುತ್ತಿರುವಾಗಲೇ ಮಾಡ್ಯೂಲ್ ಹಾಕುವುದು, ತೆಗೆಯುವುದು ನೂರು ಸಲ ಮಾಡಿ ನೋಡಿ.

ಭೋಸರಿ, ಪುಣೆಯಿಂದ

ಇನ್ನೂರು ಸಲ ಮಾಡಿದೆ ಅಕ್ಕಾ, ಒಂದು ಎರರೂ ಇಲ್ಲ. ಡೊಂಬಿವಲಿಯ ಸರ್‌ಗೆ ಒಂದು ಚಿಕ್ಕ ಪ್ರಶ್ನೆ. ಬೂಟ್‌ಲೋಡರ್ (ಕರ್ನಲ್ ಅನ್ನು ಶುರು ಮಾಡುವ ಪ್ರೋಗ್ರಾಮ್) ಕೆಂಪು ದೀಪ ಹಚ್ಚುತ್ತದೆ, ಕರ್ನಲ್ ಬಂದಾಗ ಅದು ಆರುತ್ತದೆ. ಮುಂದೆ ಅಪ್ಲಿಕೇಶನ್ ಬರುವವರೆಗೆ ಕತ್ತಲೆ. ಮಷಿನ್ ಮುಂದೆ ನಿಂತವರು ಪ್ಯಾನೆಲ್ ಸತ್ತಿದೆ ಅಂದುಕೊಳ್ಳುತ್ತಾರೆ.

ಡೊಂಬಿವಲಿಯಿಂದ

ಆ ದೀಪದ ನೋಡ್‌ನಲ್ಲಿ ‘ಡಿಫಾಲ್ಟ್-ಸ್ಟೇಟ್’ ಸೇರಿಸಿ, ಬೆಲೆ ‘ಕೀಪ್’ ಎಂದು ಕೊಡಿ. ಡ್ರೈವರ್ ಪಿನ್ ಈಗ ಹೇಗಿದೆ ಅಂತ ಓದಿ ಹಾಗೇ ಇಟ್ಟುಕೊಳ್ಳುತ್ತದೆ. ಕೆಂಪು ದೀಪ ಆರುವುದಿಲ್ಲ.