ಭಾನುವಾರದ ಹಲ್ಲಿನ ಪ್ರಶ್ನೋತ್ತರ: ಎಕ್ಸ್‌ರೇ ಚೆನ್ನಾಗಿದೆ, ನೋವು ಹೋಗಿಲ್ಲ

ತಿಪಟೂರಿನ ಸದಸ್ಯೆ: ನಮಸ್ಕಾರ ಮೇಡಂ. ಎಡಗಡೆ ಮೇಲಿನ ದವಡೆ ಹಲ್ಲಿಗೆ 2 ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದೆ. ಚಕ್ಕುಲಿ ಕಡಿದರೆ ಈಗಲೂ ಒಳಗೆಲ್ಲೋ ಹಿಡಿಯತ್ತೆ. ಎಕ್ಸ್‌ರೇ ಚೆನ್ನಾಗಿದೆ ಅಂದ್ರು, ಫೋಟೋ ಹಾಕಿದೀನಿ. ಇದರ ಜೊತೆ ಸೈನಸ್ ಕಾಟ ಬೇರೆ. ಈ ವರ್ಷ 3 ಸಲ ಆ್ಯಂಟಿಬಯೋಟಿಕ್ ಆಯ್ತು.

ಡಾಕ್ಟರ್: ಮೂಗು ಕಟ್ಟೋದು ಎರಡೂ ಕಡೆನಾ, ಒಂದೇ ಕಡೆನಾ? ವಾಸನೆ?

ತಿಪಟೂರಿನ ಸದಸ್ಯೆ: ಎಡಗಡೆ ಮಾತ್ರ. ಕೆಟ್ಟ ವಾಸನೆ ಬರತ್ತೆ, ಮನೆಯವರಿಗೆ ಗೊತ್ತಾಗಲ್ಲ, ನನಗಷ್ಟೇ.

ಮಂಡ್ಯದ ಸದಸ್ಯ: ರೂಟ್ ಕೆನಾಲ್ ಆದ್ಮೇಲೆ ಕ್ಯಾಪ್ ಹಾಕಿಸಲೇಬೇಕಾ?

ಡಾಕ್ಟರ್: ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇಕು. ಹೋದ ವಾರವೂ ಹೇಳಿದ್ದೆ.

ಕಾರ್ಕಳದ ಸದಸ್ಯ: ನನ್ನ ಕೆಳಗಿನ ಕೊನೇ ಹಲ್ಲಿನ ರಿಪೋರ್ಟಲ್ಲಿ ‘ಸಿ ಆಕಾರದ ಕೆನಾಲ್’ ಅಂತ ಬರೆದಿದೆ. ಗಾಬರಿ ಬೀಳಬೇಕಾ?

ಡಾಕ್ಟರ್: ತಿಪಟೂರಿನವರೇ, ‘ಎಡಗಡೆ ಮಾತ್ರ’ ಅಂದ್ರಲ್ಲ, ನನಗೆ ಅಲ್ಲೇ ಅನುಮಾನ. ಈ ಹಲ್ಲಿಗೆ ಸಾಮಾನ್ಯವಾಗಿ 3 ಬೇರು, ಕೆನ್ನೆ ಕಡೆ ಎರಡು, ಅಂಗುಳಿನ ಕಡೆ ಒಂದು. ಬೇರು ಮೂರಾದ್ರೆ ಕೆನಾಲೂ, ಅಂದ್ರೆ ಬೇರಿನೊಳಗೆ ನರ ಇರೋ ದಾರಿಯೂ, ಮೂರೇ ಅಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಲೆಕ್ಕ ತಪ್ಪತ್ತೆ. ಕೆನ್ನೆ ಕಡೆಯ ಮುಂದಿನ ಬೇರು ಚಪ್ಪಟೆ, ಅದರಲ್ಲಿ ಇನ್ನೊಂದು ಸಣ್ಣ ಕೆನಾಲ್ ಅಡಗಿರತ್ತೆ. ನಾವು ಎಂಬಿ2 ಅಂತೀವಿ. ಎಕ್ಸ್‌ರೇ ಅಂದ್ರೆ ನೆರಳು. ಒಬ್ಬರ ಹಿಂದೆ ಒಬ್ಬರು ನಿಂತರೆ ನೆರಳು ಒಂದೇ ಬೀಳತ್ತೆ. ನಿಮ್ಮದು ಪುಣ್ಯಕ್ಕೆ ಕೊಂಚ ಓರೆಯಾಗಿ ತೆಗೆದದ್ದು. ದೊಡ್ಡದು ಮಾಡಿ ನೋಡಿ: ಆ ಬೇರಿನಲ್ಲಿ ತುಂಬಿದ ಬಿಳಿ ಗೆರೆ ನಡುವೆ ಇಲ್ಲ, ಒಂದು ಅಂಚಿಗೆ ಸರಿದಿದೆ. ಪಕ್ಕದ ಜಾಗ ಯಾರಿಗೆ ಬಿಟ್ಟಿದ್ದು?

ಇನ್ನು ಮೂಗು. ಕೆಲವರಿಗೆ ಈ ಬೇರಿನ ತುದಿಗೂ ಸೈನಸ್ಸಿಗೂ ನಡುವೆ ತೆಳು ಪೊರೆ ಬಿಟ್ಟರೆ ಮೂಳೆಯೇ ಇರಲ್ಲ. ಶುದ್ಧ ಮಾಡದೆ ಉಳಿದ ಕೆನಾಲಿನ ಸೋಂಕು ಮೇಲೇರತ್ತೆ. ಮಾತ್ರೆ ನುಂಗಿದಾಗ ತಗ್ಗತ್ತೆ, ಬಿಟ್ಟರೆ ಮತ್ತೆ ಬರತ್ತೆ. ಫೋಟೋ ನೋಡಿ ಇದೇ ಅಂತ ಹೇಳಲಾರೆ. ರೂಟ್ ಕೆನಾಲ್ ತಜ್ಞರ ಹತ್ರ ಹೋಗಿ, ಹಲ್ಲು ಮತ್ತು ಸೈನಸ್ಸಿನ ತಳ ಎರಡೂ ಬರೋ ಹಾಗೆ ಸಿಬಿಸಿಟಿ ಅನ್ನೋ 3ಡಿ ಸ್ಕ್ಯಾನ್ ತೆಗೆಸಿ. ಅದರಲ್ಲಿ ಬೇರನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ನೋಡಬಹುದು. ಮೂಗಿನ ಡಾಕ್ಟರಿಗೂ ತೋರಿಸಿ. ಕಣ್ಣಿನ ಸುತ್ತ ಊತ, ಜ್ವರ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ.

ದಾವಣಗೆರೆ ಸದಸ್ಯ: ಅಂದ್ರ ಮೊದಲನೇ ಡಾಕ್ಟ್ರು ಟೋಪಿ ಹಾಕ್ಯಾರ.

ಶಿರಸಿಯ ಸದಸ್ಯೆ: ಅಣ್ಣಾ, ಅಷ್ಟು ಸಣ್ಣ ಕೆನಾಲ್ ನೋಡಲೆ ಎಲ್ಲರ ಹತ್ರ ಮೈಕ್ರೋಸ್ಕೋಪ್ ಇರ್ತಿಲ್ಲೆ.

ದಾವಣಗೆರೆ ಸದಸ್ಯ: ನಿಮ್ಮ ಮನೆಯವ್ರು ಹಲ್ಲಿನ ಡಾಕ್ಟ್ರಾ?

ಶಿರಸಿಯ ಸದಸ್ಯೆ: ಹೌದು. ಅದಕ್ಕೆ ಈಗೇನು?

ಡಾಕ್ಟರ್: ಟೋಪಿ ಅಲ್ಲ. ಎಂಬಿ2ರ ಬಾಯಿಯನ್ನು ಎಷ್ಟೋ ಸಲ ಹಲ್ಲಿನದೇ ಒಂದು ದಂಡೆ ಮುಚ್ಚಿರತ್ತೆ. ನನ್ನ ಕೈಯಲ್ಲೂ ತಪ್ಪಿದೆ. ಜೂರಿಚ್‌ನ ದಂತವೈದ್ಯ ವಾಲ್ಟರ್ ಹೆಸ್ ಹಲ್ಲಿನೊಳಗೆ ರಬ್ಬರ್ ತುಂಬಿ, ಹಲ್ಲನ್ನು ಕರಗಿಸಿ, ಉಳಿದ ಅಚ್ಚು ನೋಡಿದ್ದರು. 1925ರಲ್ಲೇ ಇಂಗ್ಲಿಷಿಗೆ ಬಂದ ಆ ಚಿತ್ರಗಳಲ್ಲಿ ಕೆನಾಲ್ ಅನ್ನೋದು ನೇರ ಕೊಳವೆ ಅಲ್ಲ, ಗಿಡದ ಬೇರಿನ ಹಾಗೆ ಕವಲೊಡೆದ ಜಾಲ.

ತುಮಕೂರಿನ ಸದಸ್ಯ: *ಫಾರ್ವರ್ಡ್* ಎಕ್ಕದ ಹಾಲಲ್ಲಿ ಹತ್ತಿ ಅದ್ದಿ ಹುಳುಕಿಗೆ ಇಟ್ಟರೆ ನರ ತಾನೇ ಉದುರುತ್ತದೆ. ರೂಟ್ ಕೆನಾಲ್ ಬೇಡ. 10 ಜನಕ್ಕೆ ಕಳಿಸಿ.

ಡಾಕ್ಟರ್: ಒಬ್ಬರಿಗೂ ಕಳಿಸಬೇಡಿ. ಎಕ್ಕದ ಹಾಲು ಒಸಡು, ಕೆನ್ನೆ ಸುಡತ್ತೆ. ಅದೇ ಕೈಲಿ ಕಣ್ಣುಜ್ಜಿದರೆ ಕಣ್ಣಿಗೇ ಕುತ್ತು. ಈ ತಿಂಗಳಲ್ಲಿ ಇದು 3ನೇ ಸಲ.

ತುಮಕೂರಿನ ಸದಸ್ಯ: ನಮ್ಮಜ್ಜಿ ಇದನ್ನೇ ಮಾಡ್ತಿದ್ದಿದ್ದು.

ಮಂಡ್ಯದ ಸದಸ್ಯ: ಅಜ್ಜಿಗೆ ಎಷ್ಟು ಹಲ್ಲಿದ್ವು?

ತುಮಕೂರಿನ ಸದಸ್ಯ: ಅಜ್ಜಿ ಸುದ್ದಿಗೆ ಬರಬೇಡಿ, ಹೇಳಿದೀನಿ.

ದಾವಣಗೆರೆ ಸದಸ್ಯ: ಸ್ಕ್ಯಾನ್ ಸೆಂಟರಿಗೂ ಡಾಕ್ಟ್ರಿಗೂ ಕಮಿಷನ್ ಇರ್ತೈತಿ, ಅದನ್ನ ಯಾರೂ ಹೇಳಂಗಿಲ್ಲ.

ಡಾಕ್ಟರ್: ಎಲ್ಲರಿಗೂ ಸ್ಕ್ಯಾನ್ ಬರೆಯೋದು ತಪ್ಪು, ವಿಕಿರಣ ಸುಮ್ಮನೆ ಯಾಕೆ? ಇವರಿಗೆ ಕಾರಣ ಇದೆ. ಓದದೇ ಬರೆಯೋರಿಗೆ ನಾನು ಉತ್ತರಿಸಲ್ಲ.

ಕಾರ್ಕಳದ ಸದಸ್ಯ: ಮೇಡಂ, ಸಿ ಆಕಾರ...?

ತಿಪಟೂರಿನ ಸದಸ್ಯೆ: ಮೇಡಂ, ಹಾಗಾದ್ರೆ ಕ್ಯಾಪ್ ಒಡೀಬೇಕಾ? ವಾರಂಟಿ ಕಾರ್ಡ್ ಇದೆ.

ಡಾಕ್ಟರ್: ಕೆಲವು ಸಲ ಕ್ಯಾಪಲ್ಲೇ ತೂತು ಕೊರೆದು ಒಳಗೆ ಹೋಗಬಹುದು. ಮೊದಲು ಸ್ಕ್ಯಾನ್ ಆಗಲಿ ಅಮ್ಮಾ.

ಹೊಸ ಸದಸ್ಯ: ಎಲ್ಲರಿಗೂ ನಮಸ್ಕಾರ. ರೂಟ್ ಕೆನಾಲ್ ಆದ್ಮೇಲೆ ಕ್ಯಾಪ್ ಬೇಕಾ?

ಡಾಕ್ಟರ್: ಮೇಲೆ ಓದಿ.