ಒಂದು ಮೀನಿಗೆ ಗಾಯವಾದರೆ ಇಡೀ ಟ್ಯಾಂಕಿಗೆ ಔಷಧಿ ಹಾಕಬೇಕೇ?

ಮುಂಬೈ ಕನ್ನಡಿಗರ ಅಕ್ವೇರಿಯಂ ಬಳಗದಲ್ಲಿ ಈ ವಾರ ಮೀನುಗಳಿಗೂ ಚಿಕಿತ್ಸೆ ಕೊಡುವ ಪಶುವೈದ್ಯರೊಬ್ಬರು ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಹಲವು ಜಾತಿಯ ಮೀನು ಒಟ್ಟಿಗೆ ಇರುವ ಕಮ್ಯೂನಿಟಿ ಟ್ಯಾಂಕಿನ ಕಾಯಿಲೆಗಳ ಬಗ್ಗೆ ಮಾತ್ರ ಕೇಳಿ ಎಂದು ಮೊದಲೇ ಹೇಳಿದ್ದೆವು.

ಪ್ರಶ್ನೆ (ಮುಲುಂಡ್): ಡಾಕ್ಟ್ರೇ, ನಮಸ್ಕಾರ. ನಮ್ಮದು ಮೂರು ಅಡಿಯ ಟ್ಯಾಂಕ್. ಎರಡು ಏಂಜೆಲ್, ಆರು ಟೈಗರ್ ಬಾರ್ಬ್, ಒಂದು ಗೌರಾಮಿ, ಮೂರು ಕೋರಿಡೋರಾಸ್ ಇವೆ. ಮೂರು ದಿನದಿಂದ ಒಂದು ಏಂಜೆಲ್‌ನ ಬಾಲ ಹರಿದುಹೋಗಿದೆ, ಹರಿದಲ್ಲಿ ಬಿಳಿಯದೇನೋ ಕೂತಿದೆ. ಮೂಲೆ ಬಿಟ್ಟು ಬರುವುದಿಲ್ಲ. ಅಂಗಡಿಯವರು ನೀಲಿ ಔಷಧಿ ಕೊಟ್ಟು ಟ್ಯಾಂಕಿಗೇ ಹಾಕಿ ಅಂದರು. ಹಾಕಲೇ?

ಡಾಕ್ಟರ್: ನಮಸ್ಕಾರ. ದಯವಿಟ್ಟು ಹಾಕಬೇಡಿ. ಆ ನೀಲಿ ಔಷಧಿ ಮೆಥಿಲೀನ್ ಬ್ಲೂ ಇರಬೇಕು. ಅದು ಕೆಟ್ಟ ಔಷಧಿಯಲ್ಲ, ಅದರ ಜಾಗ ಮುಖ್ಯ ಟ್ಯಾಂಕ್ ಅಲ್ಲ ಅಷ್ಟೆ. ಮೀನಿನ ಮೈಯಿಂದ ಹೊರಬೀಳುವ ಅಮೋನಿಯಾವನ್ನು ಅಷ್ಟು ವಿಷವಲ್ಲದ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾ ನಿಮ್ಮ ಫಿಲ್ಟರ್‌ನ ಸ್ಪಂಜಿನಲ್ಲಿ ವಾಸಿಸುತ್ತವೆ. ಮೆಥಿಲೀನ್ ಬ್ಲೂ ಅವನ್ನೂ ಹೊಡೆಯುತ್ತದೆ. ಗಿಡಗಳು ಬಾಡುತ್ತವೆ, ಗಾಜಿನ ಅಂಚಿನ ಸಿಲಿಕೋನ್ ಅಂಟು ನೀಲಿಯಾಗಿ ಹಾಗೇ ಉಳಿಯುತ್ತದೆ. ಒಂದು ಮೀನಿನ ಬಾಲಕ್ಕೆಂದು ಹಾಕಿದ ಔಷಧಿಯಿಂದ ಉಳಿದ ಹನ್ನೊಂದು ಮೀನುಗಳಿಗೆ ಅಮೋನಿಯಾ ವಿಷವೇರುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಕಮ್ಯೂನಿಟಿ ಟ್ಯಾಂಕಿನಲ್ಲಿ ಯಾವ ಕಾಯಿಲೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಚಿಕಿತ್ಸೆ ಬೇಕಿರುವುದು ಈ ಒಂದು ಮೀನಿಗೋ, ಇಡೀ ಟ್ಯಾಂಕಿಗೋ? ನಿಮ್ಮದು ನೋಡಿದರೆ ಒಂದು ಮೀನಿನ ಗಾಯ. ಕಚ್ಚಿದವರು ಟೈಗರ್ ಬಾರ್ಬ್‌ಗಳು ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲೆ. ಉದ್ದ ರೆಕ್ಕೆಯ ಏಂಜೆಲ್, ಗೌರಾಮಿ, ಗಪ್ಪಿ ಯಾವುದನ್ನೂ ಅವು ಸುಮ್ಮನೆ ಬಿಡುವುದಿಲ್ಲ. ಅವುಗಳ ಗುಂಪು ಚಿಕ್ಕದಾದಷ್ಟೂ ಬೇರೆಯವರ ಮೇಲೆ ಹೋಗುವುದು ಹೆಚ್ಚು.

ಉತ್ತರ ಮುಂದುವರಿಸುವ ಮೊದಲು ನನಗೆ ಎರಡು ಸಂಗತಿ ತಿಳಿಯಬೇಕು. ಅಮೋನಿಯಾ ಟೆಸ್ಟ್ ಕಿಟ್ ಇದ್ದರೆ ರೀಡಿಂಗ್ ಎಷ್ಟು? ಆ ಬಿಳಿಯದು ಎದ್ದು ನಿಂತಿದೆಯೋ, ಮೈಗೆ ಅಂಟಿಕೊಂಡಿದೆಯೋ? ನಿಂತಿದ್ದರೆ, ಅಂದರೆ ನೀರಿನಲ್ಲಿ ಎಳೆ ಎಳೆಯಾಗಿ ಅಲುಗಾಡುತ್ತಿದ್ದರೆ, ಅದು ಗಾಯದ ಮೇಲೆ ಬೆಳೆದ ಫಂಗಸ್. ಬೂದು ಅಥವಾ ಹಳದಿ ಛಾಯೆಯಲ್ಲಿ ಚಪ್ಪಟೆಯಾಗಿ, ಬಾಯಿಯ ಸುತ್ತಲೋ ಬೆನ್ನಿನ ಮೇಲೋ ಇದ್ದು ಒಂದೆರಡು ದಿನದಲ್ಲೇ ಹರಡುತ್ತಿದ್ದರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ಕಾಲಮ್ನಾರಿಸ್ ಬಿಸಿ ನೀರಿನಲ್ಲಿ ಇನ್ನೂ ವೇಗವಾಗಿ ಕೊಲ್ಲುತ್ತದೆ. ಕಾಯಿಲೆ ಏನೆಂದು ನೋಡದೆ ಹೀಟರ್ ಏರಿಸಿದರೆ ಅದಕ್ಕೇ ಅನುಕೂಲ ಮಾಡಿಕೊಟ್ಟಂತೆ.

ಮುಲುಂಡ್: ಎಳೆ ಎಳೆಯಾಗಿ ನಿಂತಿದೆ ಡಾಕ್ಟ್ರೇ, ಬಾಲದಲ್ಲಿ ಮಾತ್ರ. ಅಮೋನಿಯಾ 0.5 ತೋರಿಸುತ್ತಿದೆ, ಪಿಎಚ್ 7ರ ಹತ್ತಿರ. ಭಾನುವಾರ ಮನೆಯವರು ಫಿಲ್ಟರ್ ಬಿಚ್ಚಿ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿ ತೊಳೆದಿದ್ದರು.

ಡಾಕ್ಟರ್: ಹಾಗಾದರೆ ಎರಡು ಸಮಸ್ಯೆ ಒಟ್ಟಿಗೆ ಬಂದಿವೆ. ಬಾಲ ಹರಿದದ್ದು ಬಾರ್ಬ್‌ಗಳಿಂದ, ಅದು ಮಾಯದಿರುವುದು ಅಮೋನಿಯಾದಿಂದ. ನಲ್ಲಿ ನೀರಿನ ಕ್ಲೋರಿನ್ ಸ್ಪಂಜಿನ ಬ್ಯಾಕ್ಟೀರಿಯಾವನ್ನು ಕೊಂದಿದೆ. ಮುಂಬೈಯ ಮಳೆಗಾಲದಲ್ಲಂತೂ ಕ್ಲೋರಿನ್ ವಾಸನೆ ಮೂಗಿಗೇ ಹೊಡೆಯುವ ದಿನಗಳಿರುತ್ತವೆ. ಇನ್ನು ಮುಂದೆ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಬಕೆಟ್‌ನಲ್ಲಿ ಅದ್ದಿ ಲಘುವಾಗಿ ಹಿಂಡಿ. ಕಂದು ಬಣ್ಣ ಪೂರ್ತಿ ಹೋಗಬೇಕಿಲ್ಲ.

ಇವತ್ತು ಮುಖ್ಯ ಟ್ಯಾಂಕಿನ ಮೂರನೇ ಒಂದು ಭಾಗ ನೀರು ಬದಲಿಸಿ, ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿಯೇ ಸುರಿಯಿರಿ. ಅಮೋನಿಯಾ ಸೊನ್ನೆಗೆ ಬರುವವರೆಗೆ ದಿನವೂ ಹೀಗೇ. ತಿಂಡಿ ಅರ್ಧಕ್ಕೆ ಇಳಿಸಿ. ನಿಮ್ಮ ಪಿಎಚ್ 7 ಇರುವುದು ಒಳ್ಳೆಯದಾಯಿತು. ಅದೇ 8 ಇದ್ದಿದ್ದರೆ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತುಪಟ್ಟು ಆಗುತ್ತಿತ್ತು.

ಏಂಜೆಲ್‌ಗೆ ಬೇರೆ ಮನೆ ಮಾಡಿ. ಅದಕ್ಕೆಂದು ಗಾಜಿನ ಟ್ಯಾಂಕ್ ಕೊಳ್ಳಬೇಡಿ. ಸೋಪು ಮುಟ್ಟದ 30 ಲೀಟರ್‌ನ ಪ್ಲಾಸ್ಟಿಕ್ ಡಬ್ಬ ಸಾಕು. ಮುಖ್ಯ ಟ್ಯಾಂಕಿನ ನೀರನ್ನೇ ತುಂಬಿ, ಏರ್ ಪಂಪಿಗೆ ಒಂದು ಸ್ಪಂಜ್ ಫಿಲ್ಟರ್ ಸಿಕ್ಕಿಸಿ. ತಳಕ್ಕೆ ಕಲ್ಲು ಬೇಡ, ಕೊಳೆ ಕಾಣಬೇಕು. ಅವಿತುಕೊಳ್ಳಲು ಒಂದು ಅಗಲ ಪೈಪಿನ ತುಂಡು ಇಡಿ, ಮೂರು ಬದಿಗೆ ಪೇಪರ್ ಅಂಟಿಸಿ. ಹೆದರಿದ ಮೀನು ತಿನ್ನುವುದಿಲ್ಲ, ತಿನ್ನದ ಮೀನಿನ ಗಾಯ ಮಾಯುವುದಿಲ್ಲ. ಈ ಡಬ್ಬದಲ್ಲಿ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಅರ್ಧ ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ನಿಮ್ಮ ನೀಲಿ ಔಷಧಿಯನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲಿ ಹಾಕಬೇಕಾದದ್ದೂ ಇಲ್ಲೇ. ಅದು ಈ ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಬಿಡದ ಕಾರಣ ದಿನವೂ ಕಾಲು ಭಾಗ ನೀರು ಬದಲಿಸುವುದು ಕಡ್ಡಾಯ. ತೆಗೆದ ನೀರಿನಷ್ಟಕ್ಕೆ ಮಾತ್ರ ಉಪ್ಪು, ಔಷಧಿ ಮತ್ತೆ ಸೇರಿಸಿ.

ಅಂಚಿನಲ್ಲಿ ಪಾರದರ್ಶಕವಾದ ಹೊಸ ಚರ್ಮ ಕಂಡರೆ ಬಾಲ ಬೆಳೆಯುತ್ತಿದೆ ಎಂದರ್ಥ. ಅಷ್ಟರಲ್ಲಿ ಬಾರ್ಬ್‌ಗಳಿಗೆ ಬೇರೆ ಟ್ಯಾಂಕೋ, ಸಾಕುವ ಬೇರೆ ಮನೆಯೋ ಹುಡುಕಿ. ಅವು ಅಲ್ಲೇ ಇದ್ದರೆ ವಾಸಿಯಾದ ಏಂಜೆಲ್ ಮತ್ತೆ ಇದೇ ಡಬ್ಬಕ್ಕೆ ಬರುತ್ತದೆ.

ಪ್ರಶ್ನೆ (ಡೊಂಬಿವಿಲಿ): ನಮಸ್ಕಾರ್ರೀ ಡಾಕ್ಟರ್. ನಮ್ದು ಎರಡು ಫೂಟಿನ ಟ್ಯಾಂಕ್ ಐತಿ, ಬೆಡ್‌ರೂಮಿನ್ಯಾಗ ಇಟ್ಟೀವಿ. ಹೋದ ಶುಕ್ರವಾರ ಕುರ್ಲಾ ಬಜಾರಿಂದ ನಾಕು ಟೆಟ್ರಾ ತಂದು ಬಿಟ್ವಿ. ಈಗ ಒಂದರ ಮೈಮ್ಯಾಲ ಉಪ್ಪು ಉದುರಿಸಿದಂಗ ಬಿಳಿ ಚುಕ್ಕಿ ಎದ್ದಾವ್ರೀ. ನೀವು ಮ್ಯಾಲ ಹೇಳಿದಂಗ ಅದನ್ನಷ್ಟ ತಗದು ಬ್ಯಾರೆ ಇಟ್ರ ಸಾಕೇನ್ರೀ?

ಡಾಕ್ಟರ್: ಇಲ್ಲ, ನಿಮಗೆ ಮೇಲಿನ ಉತ್ತರಕ್ಕೆ ಪೂರ್ತಿ ತಿರುಗುಮುರುಗು. ಇದು ಇಕ್, ಬಿಳಿ ಚುಕ್ಕೆ ರೋಗ. ಇಡೀ ಟ್ಯಾಂಕಿಗೇ ಚಿಕಿತ್ಸೆ ಆಗಬೇಕು.

ಕಾರಣ ಆ ಪರಾವಲಂಬಿ ಬದುಕುವ ರೀತಿ. ಮೈಮೇಲೆ ಕಾಣುವ ಪ್ರತಿ ಚುಕ್ಕೆಯೂ ಚರ್ಮದೊಳಗೆ ಹುದುಗಿ ಉಣ್ಣುತ್ತಿರುವ ಒಂದೊಂದು ಜೀವಿ. ಒಳಗಿರುವವರೆಗೆ ಯಾವ ಔಷಧಿಯೂ ಅದನ್ನು ತಟ್ಟುವುದಿಲ್ಲ. ಬೆಳೆದ ಮೇಲೆ ಉದುರಿ ತಳದ ಕಲ್ಲಿಗೆ ಅಂಟಿ, ಕೋಶ ಕಟ್ಟಿಕೊಂಡು ಒಳಗೇ ಒಡೆಯುತ್ತದೆ. ಒಂದರಿಂದ ನೂರಾರು, ಕೆಲವೊಮ್ಮೆ ಸಾವಿರದವರೆಗೆ ಮರಿಗಳು ಈಜಿ ಹೊರಡುತ್ತವೆ. ಎರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಈಜುವ ಈ ಮರಿಗಳನ್ನು ಮಾತ್ರ. ನೀವು ಟೆಟ್ರಾ ತೆಗೆಯುವ ಹೊತ್ತಿಗೆ ಕಲ್ಲಿನ ನಡುವೆ ಕೋಶಗಳು ಕೂತಾಗಿರುತ್ತವೆ, ಉಳಿದ ಮೀನುಗಳ ಕಿವಿರಿನಲ್ಲೂ ಕಣ್ಣಿಗೆ ಕಾಣದೆ ಸೇರಿರಬಹುದು.

24ರಿಂದ 26 ಡಿಗ್ರಿಯಲ್ಲಿ ಈ ಸುತ್ತು ಮುಗಿಯಲು 4ರಿಂದ 7 ದಿನ ಬೇಕು. ನೀರು ಬೆಚ್ಚಗಾದಷ್ಟೂ ಸುತ್ತು ಬೇಗ ತಿರುಗುತ್ತದೆ, ಔಷಧಿಗೆ ಬೇಗ ಸಿಗುತ್ತದೆ. ಅದಕ್ಕಾಗಿಯೇ ತಾಪ ಏರಿಸುವುದು. ಕೆಲವು ಗಂಟೆಗೆ ಒಂದು ಡಿಗ್ರಿಯಂತೆ ನಿಧಾನವಾಗಿ 30ರವರೆಗೆ ತನ್ನಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ಹಗಲು ರಾತ್ರಿ ಓಡಲಿ. ಬೆಡ್‌ರೂಮಿನಲ್ಲಿ ಎಸಿ ಇದೆಯೇ? ಇದ್ದರೆ ನಿಮ್ಮ ರೋಗದ ಅರ್ಧ ಕಾರಣ ಅಲ್ಲೇ ಇದೆ. ಹಗಲು ಸೆಕೆಗೆ ಕಾದ ನೀರು ರಾತ್ರಿ ಎಸಿಗೆ ತಣ್ಣಗಾಗಿ, ಬೆಳಿಗ್ಗೆ ಮತ್ತೆ ಕಾಯುತ್ತದೆ. ಈ ಏರಿಳಿತ ಮೀನಿನ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಮುಂಬೈಯಲ್ಲಿ ಹೀಟರ್ ಯಾಕೆ ಎನ್ನುವವರಿಗೂ ಇದೇ ಉತ್ತರ.

ಔಷಧಿ ಮಲಕೈಟ್ ಗ್ರೀನ್ ಇರುವ ಇಕ್ ಔಷಧಿ ಆಗಲಿ. ಟೆಟ್ರಾ, ಲೋಚ್, ಕೋರಿಡೋರಾಸ್ ಇರುವ ಟ್ಯಾಂಕಿಗೆ ಬಾಟಲಿಯಲ್ಲಿ ಬರೆದದ್ದರ ಅರ್ಧ ಪ್ರಮಾಣ. ಇವುಗಳಿಗೆ ಉಪ್ಪೂ ಅಷ್ಟಾಗಿ ಒಗ್ಗುವುದಿಲ್ಲ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಹೀರಿಬಿಡುತ್ತದೆ. ಟ್ಯಾಂಕಿನ ಲೆಕ್ಕವೂ ಸರಿಯಾಗಿರಲಿ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಅಂದರೆ 54 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 45ರ ಆಸುಪಾಸು ಇರುತ್ತದೆ. ಔಷಧಿ ಅಷ್ಟಕ್ಕೇ. ಮಲಕೈಟ್ ಗ್ರೀನ್ ಮನುಷ್ಯರಿಗೂ ಒಳ್ಳೆಯದಲ್ಲ, ಗ್ಲೌಸ್ ಹಾಕಿಕೊಂಡೇ ಮುಟ್ಟಿ.

ಎರಡು ದಿನದಲ್ಲಿ ಚುಕ್ಕೆ ಹೆಚ್ಚಾದಂತೆ ಕಂಡರೆ ಹೆದರಬೇಡಿ, ಒಳಗಿದ್ದವು ದೊಡ್ಡದಾಗಿ ಕಾಣುತ್ತಿವೆ. ಕೊನೆಯ ಚುಕ್ಕೆ ಹೋದ ದಿನ ನಿಲ್ಲಿಸುವುದೇ ಎಲ್ಲರೂ ಎಡವುವ ಜಾಗ. ಆಮೇಲೂ ಇನ್ನೊಂದು ಸುತ್ತು ಮುಗಿಯುವಷ್ಟು ದಿನ ಮುಂದುವರಿಸಿ. ಹೊಸ ಮೀನು ತಂದಾಗ ಎರಡರಿಂದ ನಾಲ್ಕು ವಾರ ಬೇರೆ ಡಬ್ಬದಲ್ಲಿಟ್ಟು ಆಮೇಲೆ ಸೇರಿಸಿ. ಕುರ್ಲಾ ಇರಲಿ, ಕ್ರಾಫರ್ಡ್ ಮಾರ್ಕೆಟ್ ಇರಲಿ, ಎಲ್ಲಿಂದ ತಂದರೂ ಇದೇ ನಿಯಮ.

ಪ್ರಶ್ನೆ (ಗೋರೆಗಾಂವ್): ಮೇಡಂ, ನಮ್ಮ ಅತ್ತೆಯವರು ಗಾಯಕ್ಕೆ ಅರಿಶಿನ, ಬೇವಿನ ಎಲೆ ಹಾಕಿ ನೋಡು ಅನ್ನುತ್ತಾರೆ. ಪಕ್ಕದ ಮನೆಯವರು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕಿದರೆ ಸಾಕು ಅಂದರು. ಯಾವುದು ಸರಿ?

ಡಾಕ್ಟರ್: ಕ್ಯಾಪ್ಸೂಲ್ ಖಂಡಿತ ಬೇಡ. ಟೆಟ್ರಾಸೈಕ್ಲಿನ್ ನೀರಿನ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ, ಅದರಲ್ಲೂ ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರಿನಲ್ಲಿ. ಅರೆಬರೆ ಪ್ರಮಾಣಕ್ಕೆ ಬದುಕುಳಿದ ಬ್ಯಾಕ್ಟೀರಿಯಾಕ್ಕೆ ಮುಂದಿನ ಸಲ ಆ ಔಷಧಿ ನಾಟುವುದೇ ಇಲ್ಲ. ಆ ನೀರನ್ನು ಕೊನೆಗೆ ನೀವು ಮೋರಿಗೇ ಚೆಲ್ಲುತ್ತೀರಿ. ಆ್ಯಂಟಿಬಯೋಟಿಕ್ ಬೇಕಾದ ಮೀನಿಗೆ ನಾವು ಸಾಧ್ಯವಾದಷ್ಟೂ ತಿಂಡಿಯಲ್ಲಿ ಬೆರೆಸಿ ಕೊಡುತ್ತೇವೆ, ಅದೂ ನೋಡಿದ ಮೇಲೆ.

ಅರಿಶಿನ ಪುಡಿ ನೀರಿನಲ್ಲಿ ಕರಗದೆ ಕಿವಿರಿನಲ್ಲಿ ಕೂರುತ್ತದೆ. ಬೇವಿನ ಪ್ರಮಾಣ ಸ್ವಲ್ಪ ತಪ್ಪಿದರೂ ಮೀನಿಗೆ ವಿಷ. ಅತ್ತೆಯವರ ಮನಸ್ಸಿಗೆ ಸಮಾಧಾನವಾಗುವಂಥ ಎಲೆ ಒಂದಿದೆ: ಕಾಡುಬಾದಾಮಿ. ಮುಂಬೈಯ ಎಷ್ಟೋ ಸೊಸೈಟಿಗಳ ಕಂಪೌಂಡಿನಲ್ಲಿ ಆ ಮರ ಇದೆ. ತಾನಾಗಿ ಉದುರಿ ಒಣಗಿ ಕಂದಾದ ಎಲೆಯನ್ನು, ಕೀಟನಾಶಕ ಹೊಡೆಯದ ಜಾಗದಿಂದ ಆರಿಸಿ ತೊಳೆದು ಹಾಕಬಹುದು. ಅದರ ಟ್ಯಾನಿನ್ ನೀರಿಗೆ ಚಹಾ ಬಣ್ಣ ಕೊಟ್ಟು ಪಿಎಚ್ ತುಸು ಇಳಿಸುತ್ತದೆ, ಫಂಗಸ್ ಬ್ಯಾಕ್ಟೀರಿಯಾಗಳನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಬೆಟ್ಟಾ, ಗೌರಾಮಿಗಳಿಗೆ ಒಗ್ಗುತ್ತದೆ. ಆದರೆ ಅದು ಆಸರೆ, ಔಷಧಿಯ ಬದಲಿಗಲ್ಲ.

ಪ್ರಶ್ನೆ (ಠಾಣೆ): ನಮ್ಮ ಗೋಲ್ಡ್‌ಫಿಶ್ ಹೊಟ್ಟೆ ಊದಿ, ಹುರುಪೆಗಳೆಲ್ಲ ಎದ್ದು ನಿಂತಿವೆ. ಐದು ದಿನದಿಂದ ತಿಂದಿಲ್ಲ. ಮಗಳು ಅಳುತ್ತಿದ್ದಾಳೆ. ಬದುಕುತ್ತದೆಯೇ?

ಡಾಕ್ಟರ್: ನಿಜ ಹೇಳಬೇಕೆಂದರೆ ಬದುಕುವ ಸಾಧ್ಯತೆ ತೀರಾ ಕಡಿಮೆ. ಇದನ್ನು ಡ್ರಾಪ್ಸಿ ಅನ್ನುತ್ತಾರೆ. ಇದು ಒಂದು ರೋಗದ ಹೆಸರಲ್ಲ, ಮೂತ್ರಪಿಂಡ ಸೋತು ಮೈಯೊಳಗೆ ನೀರು ತುಂಬಿರುವುದರ ಲಕ್ಷಣ. ಹೊಟ್ಟೆ ಮಾತ್ರ ಊದಿ ಹುರುಪೆ ಏಳದಿದ್ದಾಗ ನಾವು ಕೆಲವನ್ನು ಉಳಿಸಿಕೊಳ್ಳುತ್ತೇವೆ. ಹುರುಪೆ ಎದ್ದು, ತಿನ್ನುವುದೂ ನಿಂತ ಮೇಲೆ ಕಷ್ಟ. ಬೇರೆ ಡಬ್ಬದಲ್ಲಿಟ್ಟು 20 ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಸಾಲ್ಟ್ ಹಾಕಿ ಒಂದೆರಡು ದಿನ ನೋಡಿ. ಅಡುಗೆ ಉಪ್ಪಲ್ಲ, ಮೆಡಿಕಲ್‌ನಲ್ಲಿ ಸಿಗುವ ಮ್ಯಾಗ್ನೀಸಿಯಂ ಸಲ್ಫೇಟ್.

ಮೀನು ಮಗುಚಿ ಬಿದ್ದು ಏದುಸಿರು ಬಿಡುವ ಹಂತಕ್ಕೆ ಬಂದರೆ ನರಳಿಸಬೇಡಿ. ಟಾಯ್ಲೆಟ್ಟಿಗೆ ಹಾಕುವುದು, ಜೀವಂತ ಫ್ರೀಜರಿನಲ್ಲಿಡುವುದು ಎರಡೂ ಕ್ರೌರ್ಯ. ಹತ್ತಿರದ ಪಶುವೈದ್ಯರ ಬಳಿ ಒಯ್ಯುವುದು ಉತ್ತಮ. ಆಗದಿದ್ದರೆ ಲವಂಗದ ಎಣ್ಣೆ ದಾರಿ: ಲೀಟರಿಗೆ ಸುಮಾರು 0.4 ಮಿಲಿ, ಅಂದರೆ 8ರಿಂದ 10 ಹನಿ. ಚಿಕ್ಕ ಬಾಟಲಿಯಲ್ಲಿ ಬೆಚ್ಚಗಿನ ನೀರಿನ ಜೊತೆ ಹಾಲಿನ ಬಣ್ಣ ಬರುವವರೆಗೆ ಕುಲುಕಿ, ಮೊದಲು ಸ್ವಲ್ಪ ಸುರಿದು ಮೀನಿಗೆ ಮಂಪರು ಬಂದ ಮೇಲೆ ಉಳಿದದ್ದನ್ನು ಸುರಿಯಿರಿ. ಕಿವಿರು ನಿಂತ ಮೇಲೂ ಅರ್ಧ ಗಂಟೆ ತೆಗೆಯಬೇಡಿ. ಮೀನು ನಿದ್ದೆ ಹೋಯಿತು ಎಂದು ಮಗಳಿಗೆ ಸುಳ್ಳು ಹೇಳುವುದಕ್ಕಿಂತ, ಅದಕ್ಕೆ ತುಂಬಾ ನೋವಾಗುತ್ತಿತ್ತು ಎಂದೇ ಹೇಳಿ. ಮಕ್ಕಳಿಗೆ ಅರ್ಥವಾಗುತ್ತದೆ.

ಯಾಕೆ ಸತ್ತಿತೆಂದು ತಿಳಿಯಬೇಕಿದ್ದರೆ ಸತ್ತ ಕೂಡಲೇ ಚೀಲದಲ್ಲಿ ಹಾಕಿ ಐಸಿನ ಮೇಲಿಡಿ, ಫ್ರೀಜ್ ಮಾಡಬೇಡಿ. ಮೀನು ಪರೀಕ್ಷಿಸುವವರಿಗೆ ಮೊದಲು ಫೋನ್ ಮಾಡಿ ಅದೇ ದಿನ ತಲುಪಿಸಿ.

ಪ್ರಶ್ನೆ (ಪೊವಾಯಿ): ಸಾಕಲಾಗದ ಮೀನನ್ನು ಕೆರೆಗೆ ಬಿಟ್ಟರೆ ಪುಣ್ಯವಲ್ಲವೇ?

ಡಾಕ್ಟರ್: ಅಲ್ಲ. ಕಾಯಿಲೆಯ ಮೀನು ಕೆರೆಯ ಮೀನಿಗೆ ರೋಗ ಹಂಚುತ್ತದೆ. ಆರೋಗ್ಯವಂತ ಮೀನು ಅಲ್ಲಿನವುಗಳ ಅನ್ನ ಕಸಿಯುತ್ತದೆ. ಅಕ್ವೇರಿಯಂಗೆಂದು ತಂದ ಸಕ್ಕರ್ ಕ್ಯಾಟ್‌ಫಿಶ್ ಇವತ್ತು ನಮ್ಮ ದೇಶದ ಎಷ್ಟೋ ಹೊಳೆ, ಕೆರೆಗಳಲ್ಲಿ ತುಂಬಿಕೊಂಡು ಬಲೆ ಹರಿಯುತ್ತಿದೆ. ಇದೇ ಬಳಗದಲ್ಲಿ ಬರೆಯಿರಿ, ಯಾರಾದರೂ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ (ಘಾಟ್ಕೋಪರ್): ಕಾಯಿಲೆ ಮೀನಿನ ನೀರಿಗೆ ಕೈ ಹಾಕಿದರೆ ನಮಗೇನಾದರೂ ಆಗುತ್ತದೆಯೇ? ಕೈ ಮೇಲೆ ಚಿಕ್ಕ ತರಚು ಇದೆ.

ಡಾಕ್ಟರ್: ತರಚು ಮಾಯುವವರೆಗೆ ಗ್ಲೌಸ್ ಇಲ್ಲದೆ ಕೈ ಹಾಕಲೇಬೇಡಿ. ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಮೀನಿನಿಂದ ಗಾಯದ ಮೂಲಕ ನಮ್ಮ ಚರ್ಮಕ್ಕೆ ಸೇರಬಹುದು. ಸಾಮಾನ್ಯವಾಗಿ ಕೆಲವು ವಾರಗಳ ನಂತರ ಬೆರಳಿಗೋ ಮೊಣಕೈಗೋ ಮಾಯದ ಗಂಟು ಏಳುತ್ತದೆ. ಹಾಗೇನಾದರೂ ಕಂಡು ಚರ್ಮದ ಡಾಕ್ಟರ ಹತ್ತಿರ ಹೋದರೆ, ಮನೆಯಲ್ಲಿ ಅಕ್ವೇರಿಯಂ ಇದೆ ಎಂದು ನೀವಾಗಿಯೇ ಹೇಳಿ. ಅವರು ಕೇಳದೆಯೂ ಇರಬಹುದು. ಬಾಯಿಂದ ಪೈಪ್ ಎಳೆದು ನೀರು ತೆಗೆಯುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ, ಕೈಯಿಂದ ಒತ್ತುವ ಸೈಫನ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.