ಅಬುಧಾಬಿಯಲ್ಲಿ 13 ತಾಸು ಕಾಯಬೇಕು. ಹೊರಗೆ ಹೋಗೋದಾ, ಒಳಗೇ ಕೂರೋದಾ? ಅನುಭವ ಇದ್ದವರು ಹೇಳಿ

ಕೊಪ್ಪಳ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ಮಗಳ ಬಾಣಂತನಕ್ಕೆ ನಾನು, ನಮ್ಮ ಮನೆಯವರು ಹೊರಟಿದ್ದೇವೆ. ನನಗೆ 66, ಅವರಿಗೆ 61. ಇಬ್ಬರೂ ವಿಮಾನ ಹತ್ತುತ್ತಿರುವುದು ಇದೇ ಮೊದಲು. ಬೆಂಗಳೂರಿನಿಂದ ಅಬುಧಾಬಿ, ಅಲ್ಲಿಂದ ನ್ಯೂಯಾರ್ಕ್. ಎಲ್ಲ ಒಂದೇ ಟಿಕೆಟ್. ಅಬುಧಾಬಿಯಲ್ಲಿ ಮಧ್ಯಾಹ್ನ 1ಕ್ಕೆ ಇಳಿದರೆ ಮುಂದಿನ ವಿಮಾನ ನಸುಕಿನ 2ಕ್ಕೆ. ಅಳಿಯಂದಿರು "ಹೊರಗೆ ಹೋಗಿ ಮಂದಿರ, ಮಸೀದಿ ನೋಡಿಕೊಂಡು ಬನ್ನಿ" ಅಂತಾರೆ. ಮಗಳು "ಕೂತ ಕುರ್ಚಿ ಬಿಟ್ಟು ಏಳಬೇಡಿ" ಅಂತಾಳೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಸಿಂಧನೂರು ಭತ್ತ:
ಒಂದೇ ಟಿಕೆಟ್ ಅಂದ್ರಲ್ಲ ಮೇಷ್ಟ್ರೇ, ಅಷ್ಟಕ್ಕೇ ನೀವು ಪುಣ್ಯವಂತರು. ನನ್ನ ಕಥೆ ಕೇಳಿ. 2023ರಲ್ಲಿ ತಮ್ಮನ ಹತ್ತಿರ ಹೋಗುವಾಗ ಜಾಣತನ ಮಾಡಿದೆ. ದೇಶದೊಳಗಿನ ವಿಮಾನಕ್ಕೆ ಒಂದು ಟಿಕೆಟ್, ಪರದೇಶದ್ದಕ್ಕೆ ಇನ್ನೊಂದು. 11,400 ರೂಪಾಯಿ ಉಳೀತು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಪರದೇಶದ ಟಿಕೆಟ್‌ನಲ್ಲಿ 23 ಕೆಜಿಯ ಎರಡು ಸೂಟ್‌ಕೇಸ್ ಬಿಡ್ತಾರೆ, ಒಟ್ಟು 46. ಒಳಗಿನ ವಿಮಾನಕ್ಕೆ ಬರೀ 15. ಅದನ್ನ ನಾನು ನೋಡಿಯೇ ಇರಲಿಲ್ಲ. ಕೌಂಟರಿನ ಹುಡುಗಿ ತೂಕ ಹಾಕಿ, ನಗುತ್ತಲೇ, 31 ಕೆಜಿ ಜಾಸ್ತಿ ಅಂದಳು. ಕೆಜಿಗೆ 550. ಲೆಕ್ಕ ಮಾಡಿ: 17,050.

ಮುಗೀಲಿಲ್ಲ. ನಡುವಿನ ಊರಲ್ಲಿ 12 ತಾಸು ಇತ್ತು. ಟಿಕೆಟ್ ಬೇರೆ ಬೇರೆ ಆದದ್ದಕ್ಕೆ ಸಾಮಾನು ಮುಂದಿನ ವಿಮಾನಕ್ಕೆ ತಾನಾಗಿ ಹೋಗೋದಿಲ್ಲ. ಬೆಲ್ಟ್ ಮೇಲಿಂದ ಇಳಿಸಿಕೊಂಡು, 480 ಕೊಟ್ಟು ಇನ್ನೊಂದು ಟರ್ಮಿನಲ್‌ಗೆ ಹೋದರೆ ಬಾಗಿಲಲ್ಲಿ ಪೊಲೀಸಿನವರು "ಇಷ್ಟು ಬೇಗ ಒಳಗೆ ಬಿಡಲ್ಲ" ಅಂದರು. ಏಳು ತಾಸು ಹೊರಗೆ ಟ್ರಾಲಿ ಮೇಲೆ ಕೂತೆ. ಒಂದಕ್ಕೆ ಹೋಗಬೇಕು ಅಂದರೂ ಎರಡು ಸೂಟ್‌ಕೇಸ್, ಒಂದು ಅಕ್ಕಿ ಚೀಲದಂಥ ಬ್ಯಾಗು ದೂಡಿಕೊಂಡೇ ಹೋಗಬೇಕು. ಊಟ ಎರಡು, ಚಹಾ ನಾಲ್ಕು, 1,320. ಒಟ್ಟು 18,850. ಉಳಿಸಿದ್ದು ಕಳೆದರೆ 7,450 ಕೈಯಿಂದ ಹೋಯ್ತು. ಮನೆಯಲ್ಲಿ ಈಗಲೂ ನನ್ನನ್ನ "ಉಳಿತಾಯ" ಅಂತಲೇ ಕರೀತಾರೆ.

ರಾಯಚೂರು ಬಿಸಿಲು:
ಮೊದಲನೇ ತಪ್ಪು ಬೆಂಗಳೂರಿನಿಂದ ಟಿಕೆಟ್ ತೆಗೆದದ್ದು. ನಮ್ಮ ಕಡೆಯವರಿಗೆ ಹೈದರಾಬಾದೇ ಸರಿ. ರಾಯಚೂರಲ್ಲಿ ಮನೆ ಮುಂದೆ ಕಾರು ಹತ್ತಿದರೆ ಮಖ್ತಲ್, ಮಹಬೂಬ್‌ನಗರ ದಾಟಿ ನೇರ ಶಂಷಾಬಾದ್ ಏರ್‌ಪೋರ್ಟ್. ಊರೊಳಗೆ ಹೋಗೋದೇ ಬೇಡ. 4,200ಕ್ಕೆ ಕಾರು ಬಂತು, ನಾಲ್ಕು ತಾಸಲ್ಲಿ ಒಳಗೆ ಕೂತು ಇಡ್ಲಿ ತಿಂತಿದ್ದೆ.

ಬಳ್ಳಾರಿ ಜೀನ್ಸ್:
ಬಿಸಿಲು ಅವರೇ, ಮೇಷ್ಟ್ರು ಕೇಳಿದ್ದು ಅಬುಧಾಬಿ ಬಗ್ಗೆ. ಶಂಷಾಬಾದ್ ಯಾಕೆ ತಂದಿರಿ? ಅಷ್ಟಕ್ಕೂ ಬೆಂಗಳೂರು ಏರ್‌ಪೋರ್ಟಿಗೂ ಊರೊಳಗೆ ಹೋಗಬೇಕಿಲ್ಲ. ನಾವು ಅನಂತಪುರ, ಪೆನುಕೊಂಡ ಮೇಲೆ ದೇವನಹಳ್ಳಿಗೆ ಇಳೀತೀವಿ.

ಈಗ ನನ್ನ ಅನುಭವ. ಹೋದ ವರ್ಷ ನಮಗೂ ಅಬುಧಾಬಿಯಲ್ಲಿ 11 ತಾಸು ಸಿಕ್ಕಿತ್ತು. ಅಮೆರಿಕದ ವೀಸಾ ಇದ್ದ ಭಾರತೀಯರಿಗೆ ಅಲ್ಲೇ 14 ದಿನದ ವೀಸಾ ಕೊಡ್ತಾರೆ, ದುಡ್ಡು ಕಟ್ಟಬೇಕು. ಪಾಸ್‌ಪೋರ್ಟಿಗೂ ಅಮೆರಿಕದ ವೀಸಾಗೂ ಆರು ತಿಂಗಳು ಬಾಕಿ ಇರಬೇಕು. ನಮ್ಮದೆಲ್ಲ ಸರಿ ಇತ್ತು. ಅಮ್ಮನಿಗೆ ಆ ಹೊಸ ಸ್ವಾಮಿನಾರಾಯಣ ಮಂದಿರ ನೋಡಬೇಕು ಅಂತ ಆಸೆ. 2024ರ ಫೆಬ್ರವರಿ 14ಕ್ಕೆ ಉದ್ಘಾಟನೆ ಆದಾಗ ಟಿವಿ ಮುಂದೆ ಕೈ ಮುಗಿದು ಕೂತಿದ್ದಳು. ಆ ದೇಶದ ಏಳು ಎಮಿರೇಟ್, ಅಂದರೆ ಸಂಸ್ಥಾನಗಳ ಲೆಕ್ಕಕ್ಕೆ ಏಳು ಶಿಖರ, ರಾಜಸ್ಥಾನದ ಗುಲಾಬಿ ಕಲ್ಲು, ಎಲ್ಲ ಅವಳ ಬಾಯಲ್ಲೇ ಇತ್ತು. ಟ್ಯಾಕ್ಸಿ ಹಿಡಿದು ದುಬೈ ಹೆದ್ದಾರಿ ಕಡೆ ಹೊರಟೆವು. ಮರಳು, ವಿದ್ಯುತ್ ಕಂಬ, ಮತ್ತೆ ಮರಳು. ದೂರದಿಂದ ಶಿಖರ ಕಂಡ ಕೂಡಲೇ ಅಮ್ಮ ಚಪ್ಪಲಿ ಬಿಚ್ಚಿ ಕಾರಲ್ಲೇ ಕೂತಳು. ಗೇಟಿಗೆ ಹೋದರೆ ಮುಚ್ಚಿದೆ. ಸೋಮವಾರ ರಜೆಯಂತೆ! ಡ್ರೈವರ್ ಕೇರಳದವನು. "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಅಂದ. ಹೋಗಿ ಬರೋಕೆ 185 ದಿರ್ಹಂ, ನಮ್ಮ ದುಡ್ಡಲ್ಲಿ ನಾಲ್ಕು ಸಾವಿರದ ಮೇಲೆ. ಅಮ್ಮ ಗೇಟಿನ ಕಂಬಿಗೇ ಒಂದು ಊದುಬತ್ತಿ ಹಚ್ಚುತ್ತೀನಿ ಅಂದಳು, ನಾನು ಕೈ ಹಿಡಿದು ಎಳಕೊಂಡು ಬಂದೆ.

ರಾಯಚೂರು ಬಿಸಿಲು:
ಸೋಮವಾರ ರಜೆ ಅಂತ ಮೊಬೈಲಲ್ಲಿ ಅರ್ಧ ನಿಮಿಷ ನೋಡಿದ್ರೆ ಗೊತ್ತಾಗ್ತಿತ್ತು. ಅನಂತಪುರ ದಾರಿಯ ಟೋಲ್ ಎಷ್ಟಾಯ್ತು ಅಂತ ಬರೀಲಿಲ್ಲ ನೀವು.

ಬಳ್ಳಾರಿ ಜೀನ್ಸ್:
ನೋಡಲಿಲ್ಲ, ತಪ್ಪಾಯ್ತು, ಆಯ್ತಾ? ಅದಕ್ಕೇ ಬರೆದಿದ್ದು. ನಿಮ್ಮ ಯರಮರಸ್ ಏರ್‌ಪೋರ್ಟ್ ಆಗಲಿ, ಆಮೇಲೆ ಟೋಲ್ ಲೆಕ್ಕ ಕೊಡ್ತೀನಿ.

ಗಂಗಾವತಿ ಅಕ್ಕ:
ಮೇಷ್ಟ್ರೇ, ಇಂಗ್ಲಿಷ್ ಮಾತಾಡೋಕೆ ಕಷ್ಟ ಅಂತಿದ್ರೆ ಕಣ್ಣು ಮುಚ್ಚಿ ಗಾಲಿಕುರ್ಚಿ ಬುಕ್ ಮಾಡಿಸಿ. ದುಡ್ಡಿಲ್ಲ, ಟಿಕೆಟ್ ಜೊತೆಗೇ ಕೇಳಿದರೆ ಆಯ್ತು. ನಮ್ಮಮ್ಮ ಒಬ್ಬಳೇ ತಮ್ಮನ ಮನೆಗೆ ಹೋದಳು. ಕನ್ನಡ, ತೆಲುಗು ಬಿಟ್ಟರೆ ಬೇರೆ ಬರಲ್ಲ. ವಿಮಾನದ ಬಾಗಿಲಲ್ಲೇ ಕುರ್ಚಿ ಇಟ್ಟುಕೊಂಡು ಹುಡುಗ ನಿಂತಿದ್ದನಂತೆ. ಇಮಿಗ್ರೇಷನ್ ಸಾಲು ಇಲ್ಲ, ಗೇಟ್ ಹುಡುಕೋದಿಲ್ಲ. ಒಂದೇ ಬೇಜಾರು, ಕಾಯೋ ಹೊತ್ತಲ್ಲಿ ಒಂದು ಮೂಲೆಯಲ್ಲಿ ಕೂರಿಸಿ ಹೋಗ್ತಾರೆ. ಆರು ತಾಸು ಎದ್ದು ಓಡಾಡೋಕೆ ಬಿಡಲಿಲ್ಲವಂತೆ. "ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯೋ ನನ್ನನ್ನ ಕಟ್ಟಿ ಹಾಕಿದ್ರು" ಅಂತ ಅಮ್ಮ ಇವತ್ತಿಗೂ ಬೈತಾಳೆ. ಆದರೆ ಸುರಕ್ಷಿತವಾಗಿ ಮುಟ್ಟಿದಳಲ್ಲ, ನನಗೆ ಅಷ್ಟೇ ಬೇಕಿತ್ತು.

ಮಾನ್ವಿ ಮಗಳು:
ಇದನ್ನ ಓದಿ ಹೊಟ್ಟೆ ಉರೀತು. ನಮ್ಮಪ್ಪನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಇಳಿದಾಗ ಕುರ್ಚಿ ಇಲ್ಲ. ಯಾಕೆ? ಅದೇ ವಿಮಾನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಕುರ್ಚಿ ಕೇಳಿದ್ದರು. ಅವರಲ್ಲಿ ಅರ್ಧ ಜನ ಕುರ್ಚಿಯಿಂದ ಎದ್ದು ಡ್ಯೂಟಿ ಫ್ರೀ ಅಂಗಡಿಗೆ ನಡಕೊಂಡು ಹೋಗಿದ್ದನ್ನ ಅಪ್ಪ ಕಣ್ಣಾರೆ ನೋಡಿದ್ದಾರೆ. ಒಂದೂವರೆ ತಾಸು ಕಂಬ ಹಿಡಿದು ನಿಂತರು. ಮಂಡಿ ಊದಿಕೊಂಡು ಎರಡು ವಾರ ಫಿಸಿಯೋಥೆರಪಿ, ದಿನಕ್ಕೆ 600. ಅಂಜನಾದ್ರಿ ಹತ್ತುವವರಿಗೆ ಗಾಲಿಕುರ್ಚಿ ಯಾಕ್ರೀ?

ಗಂಗಾವತಿ ಅಕ್ಕ:
ಕುರ್ಚಿ ಸಾಲದಿದ್ದರೆ ಅದು ವಿಮಾನದವರ ತಪ್ಪು, ನಮ್ಮಮ್ಮಂದಲ್ಲ. ಭಾಷೆ ಬರದ ಮುದುಕಿ ಗೇಟ್ ತಪ್ಪಿಸಿಕೊಂಡು ಅತ್ತರೆ ನೀವು ಹೋಗಿ ಕರಕೊಂಡು ಬರ್ತೀರಾ?

ಮಾನ್ವಿ ಮಗಳು:
ಭಾಷೆ ಬರದವರಿಗೆ ಜೊತೆಗೆ ನಡೆದು ಗೇಟ್ ತೋರಿಸುವ ಸಹಾಯ ಅಂತ ಬೇರೆಯೇ ಇರುತ್ತೆ. ವಿಮಾನದವರಿಗೆ ಮೊದಲೇ ಫೋನ್ ಮಾಡಿ ಕೇಳಬೇಕು. ಅದನ್ನ ಕೇಳೋದು ಬೇಡ, ಸುಮ್ನೆ ಕೂತು ದೂಡಿಸಿಕೊಳ್ಳಬೇಕು ನಿಮಗೆ.

ಗಂಗಾವತಿ ಅಕ್ಕ:
ಬಾಯಿ ಬಿಗಿ ಹಿಡಿದು ಮಾತಾಡಮ್ಮ.

ಸಿಂಧನೂರು ಭತ್ತ:
ಅಕ್ಕಂದಿರೇ, ಸಾಕು. ಏಳು ತಾಸು ಟ್ರಾಲಿ ಮೇಲೆ ಕೂತವನು ನಾನು. ನನಗೆ ಕುರ್ಚಿನೂ ಇರಲಿಲ್ಲ, ಟರ್ಮಿನಲ್ಲೂ ಇರಲಿಲ್ಲ.

ಸಂಡೂರು ಸೊಸೆ:
ಎಲ್ಲ ಓದಿದೆ. ಯಾರೂ ಮುಖ್ಯದ್ದು ಹೇಳಲಿಲ್ಲ. ಮೇಷ್ಟ್ರೇ, ನೀವು ಬಾಣಂತನಕ್ಕೆ ಹೊರಟಿದ್ದೀರಿ. ಅಂದರೆ ಬ್ಯಾಗಲ್ಲಿ ಅಂಟಿನುಂಡೆ ಇದ್ದೇ ಇರುತ್ತೆ. ಅದರಲ್ಲಿ ಗಸಗಸೆ ಹಾಕಿದ್ದೀರಾ?

ನಮ್ಮ ಅತ್ತೆ ಹಾಕಿದ್ದರು. ನಾದಿನಿ ಬಾಣಂತನಕ್ಕೆ ಒಂದು ವಾರ ಕೂತು ಮಾಡಿದ ಉಂಡೆ. ಅಂಟು ತುಪ್ಪದಲ್ಲಿ ಅರಳಿಸಿ, ಉತ್ತತ್ತಿ, ಗೋಡಂಬಿ, ತುರಿದ ಒಣಕೊಬ್ಬರಿ, ಹುರಿದ ಗಸಗಸೆ. 42 ಉಂಡೆ, ಒಂದೊಂದನ್ನೂ ಬಟರ್ ಪೇಪರಲ್ಲಿ ಸುತ್ತಿದ್ದರು. ಚಿಕ್ಕಬಳ್ಳಾಪುರ ದಾಟಿದ ಮೇಲೆ ದುಬೈಯಲ್ಲಿರುವ ಗೆಳತಿಗೆ ಫೋನ್ ಹಚ್ಚಿ ಮಾತಿಗೆ ಮಾತು ಬಂದು ಹೇಳಿದೆ. ಅವಳು ಕಿರುಚಿದಳು. ಅಬುಧಾಬಿ, ದುಬೈ ಇರುವ ಎಮಿರೇಟ್ಸ್ ದೇಶದಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ಅದು ಅಫೀಮಿನ ಗಿಡದ್ದೇ ಬೀಜ ತಾನೇ. ಇದಕ್ಕೆ ಜೈಲು ನೋಡಿದವರಿದ್ದಾರೆ. ಕತಾರ್, ಸೌದಿ, ಸಿಂಗಾಪುರದಲ್ಲೂ ಬಿಡಲ್ಲ. ಕಾರು ಪಕ್ಕಕ್ಕೆ ಹಾಕಿ ಸೂಟ್‌ಕೇಸ್ ಬಿಚ್ಚಿದೆವು. ಅತ್ತೆ ರಸ್ತೆ ಬದಿಯಲ್ಲಿ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟರು, "ಒಂದೇ ಒಂದು ಒಯ್ಯಲಾ?" ಅಂತ. 42 ಉಂಡೆಯೂ ಡ್ರೈವರ್ ಮನೆಗೆ ಹೋಯ್ತು. ಅವನ ಹೆಂಡತಿಗೆ ಐದು ತಿಂಗಳಂತೆ, ಅದೊಂದು ಸಮಾಧಾನ. ಮಸಾಲೆ ಪುಡಿಯಲ್ಲಿ ಗಸಗಸೆ ಇದ್ದರೂ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಅನ್ನೋ ನೋವಿನ ಮಾತ್ರೆ ಕೂಡ ಅಲ್ಲಿ ತಂಟೆ.

ಇನ್ನೊಂದು. ಒಣಕೊಬ್ಬರಿ ಬಟ್ಟಲು ಇಡಬೇಡಿ. ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತೆ ಅಂತ 2022ರಿಂದ ಚೆಕ್ ಇನ್ ಬ್ಯಾಗಲ್ಲೂ ಬಿಡಲ್ಲ. ಬೆಂಗಳೂರಲ್ಲಿ ನಮ್ಮ ಮುಂದಿನವರದ್ದು ಎರಡು ಕೆಜಿ ತೆಗೆಸಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಯಾರೂ ಏನೂ ಅನ್ನಲಿಲ್ಲ. ರೊಟ್ಟಿ ಕೈಬ್ಯಾಗಲ್ಲೇ ಇರಲಿ, ಅಲ್ಲಿ ಒಂದು ಚಹಾಕ್ಕೆ ನಾನು 22 ದಿರ್ಹಂ ಕೊಟ್ಟೆ. ರಾತ್ರಿ ಹತ್ತಕ್ಕೆ ಆ ಹೊಳೆಯುವ ಟರ್ಮಿನಲ್‌ನಲ್ಲಿ, ಗಡಿಯಾರದ ಅಂಗಡಿ ಎದುರಿಗೆ ಕೂತು ಅತ್ತೆ ರೊಟ್ಟಿ ಮುರಿದರು. ಆ ಟಕ್ ಶಬ್ದಕ್ಕೆ ನಾಲ್ಕು ಜನ ತಿರುಗಿ ನೋಡಿದರು. ಒಬ್ಬರು ಎದ್ದು ಬಂದು "ಯಾವೂರು?" ಅಂದರು. ಲಿಂಗಸೂಗೂರಿನವರು! ಅವರ ಹತ್ತಿರ ಗುರೆಳ್ಳು ಚಟ್ನಿ ಇತ್ತು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಈಗ ನಿಮ್ಮ 13 ತಾಸಿನ ಲೆಕ್ಕ. ಅದು 13 ಅಲ್ಲ. ಅಮೆರಿಕಕ್ಕೆ ಹೋಗುವವರ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಬುಧಾಬಿಯಲ್ಲೇ ಮುಗಿಸ್ತಾರೆ, ಅಮೆರಿಕದ ಅಧಿಕಾರಿಗಳೇ ಅಲ್ಲಿ ಕೂತಿರ್ತಾರೆ. 2014ರಿಂದ ಹೀಗೇ. ಮತ್ತೊಂದು ಸಲ ಸೆಕ್ಯುರಿಟಿಯೂ ಇದೆ. ತೆರೆಯ ಮೇಲೆ ನಿಮ್ಮ ಸೂಟ್‌ಕೇಸಿನ ಫೋಟೋ ತೋರಿಸಿ "ಇದು ನಿಮ್ಮದಾ?" ಅಂತ ಕೇಳ್ತಾರೆ. ಅತ್ತೆ "ಹೌದ್ರೀ, ಕೆಂಪು ದಾರ ಕಟ್ಟಿದ್ದು ನಾನೇ" ಅಂತ ಕನ್ನಡದಲ್ಲೇ ಹೇಳಿದರು, ಆ ಮನುಷ್ಯ ತಲೆ ಆಡಿಸಿದ. ತಿನ್ನೋದು ಏನಿದೆ ಅಂತ ಕೇಳಿದರೆ ಮುಚ್ಚಿಡಬೇಡಿ, ಇದ್ದದ್ದು ಹೇಳಿ. ಒಳಗೆ ಹೋದ ಮೇಲೆ ವಾಪಸ್ ಬರೋಕೆ ಆಗಲ್ಲ, ಅಂಗಡಿಯೂ ಕಡಿಮೆ. ನಾವು ಮೂರು ತಾಸು ಮುಂಚೆ ಸಾಲಿಗೆ ನಿಂತೆವು, ಅದೂ ಅವಸರವೇ ಆಯ್ತು. ಒಳ್ಳೇದೇನಂದರೆ ನ್ಯೂಯಾರ್ಕ್‌ನಲ್ಲಿ ಇಳಿದ ಮೇಲೆ ಸಾಲೇ ಇಲ್ಲ. ಬ್ಯಾಗು ತಗೊಂಡು ನೇರ ಮಗಳ ಹತ್ತಿರ.

ಹಾಗಾಗಿ ನೀವು ಹೊರಗೆ ಹೋಗುವುದಿದ್ದರೆ ರಾತ್ರಿ 9ಕ್ಕೆಲ್ಲ ಏರ್‌ಪೋರ್ಟ್‌ನಲ್ಲಿ ಇರಬೇಕು. ಇಳಿದು ವೀಸಾ ಮುಗಿಸೋಕೆ ಒಂದೂವರೆ ತಾಸು ತೆಗೆದರೆ ಕೈಗೆ ಸಿಗೋದು ಆರು ತಾಸು. ಒಂದೇ ಜಾಗ ನೋಡಿ. ಎರಡಕ್ಕೆ ಆಸೆ ಪಡಬೇಡಿ.

ಬಳ್ಳಾರಿ ಜೀನ್ಸ್:
ಗಸಗಸೆ ವಿಷಯ ಗೊತ್ತಿರಲಿಲ್ಲ. ನಮ್ಮಮ್ಮ ಪಾಯಸದ ಪುಡಿ ಒಯ್ದಿದ್ದಳು. ಈಗ ಕೈಕಾಲು ತಣ್ಣಗಾಯ್ತು.

ರಾಯಚೂರು ಬಿಸಿಲು:
ಸಂಡೂರು ಅವರು ಹೇಳಿದ್ದು ಒಪ್ಪಿದೆ. ಆದರೆ ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲಿ ಬ್ಯಾಗು ಬಿಚ್ಚೋ ಪರಿಸ್ಥಿತಿ ಶಂಷಾಬಾದ್ ದಾರಿಯಲ್ಲಿ ಬರ್ತಿರಲಿಲ್ಲ.

ಬಳ್ಳಾರಿ ಜೀನ್ಸ್:
ಶಂಷಾಬಾದ್ ದಾರಿಯಲ್ಲಿ ಗಸಗಸೆ ಕಡಲೆಕಾಳಾಗುತ್ತಾ?

ಕೊಪ್ಪಳ ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ನಮ್ಮನೆಯವರಿಗೆ ಪೂರ್ತಿ ಓದಿ ಹೇಳಿದೆ. ಅವರು ಎದ್ದು ಹೋಗಿ ಅಡುಗೆಮನೆಯಿಂದ ಕಾಲು ಕೆಜಿ ಗಸಗಸೆ ಪೊಟ್ಟಣ ತಂದು ನನ್ನ ಮುಂದೆ ಇಟ್ಟರು. ಇನ್ನೂ ಹುರಿದಿರಲಿಲ್ಲ. ಗಾಲಿಕುರ್ಚಿ ಬೇಡ, ನಡೀತೀವಿ. ಮಾನ್ವಿಯವರು ಹೇಳಿದ ಆ ಜೊತೆಗಾರರ ಸಹಾಯ ಕೇಳ್ತೀನಿ. ಮಂದಿರಕ್ಕೆ ಹೋಗೋದು ಅಂತ ಇಬ್ಬರೂ ತೀರ್ಮಾನ ಮಾಡಿ ಕ್ಯಾಲೆಂಡರ್ ತೆಗೆದೆವು. ನಾವು ಇಳಿಯೋದು ಸೋಮವಾರ.

ಸಂಡೂರು ಸೊಸೆ:
ಅಯ್ಯೋ! ಹಾಗಾದರೆ ಶೇಖ್ ಜಾಯೆದ್ ಮಸೀದಿಗೆ ಹೋಗಿ ಮೇಷ್ಟ್ರೇ. ಏರ್‌ಪೋರ್ಟಿಗೆ ಇನ್ನೂ ಹತ್ತಿರ. 82 ಗುಮ್ಮಟ, ಹಾಲಿನಂಥ ಅಮೃತಶಿಲೆ, ದೀಪ ಹಚ್ಚೋ ಹೊತ್ತಿಗೆ ಚೆನ್ನಾಗಿರುತ್ತೆ. ದುಡ್ಡಿಲ್ಲ, ಆದರೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು, ಅಳಿಯಂದಿರಿಗೆ ಹೇಳಿ. ಅಮ್ಮನವರಿಗೆ ತಲೆ ಮೇಲೆ ಸೆರಗು ಸಾಲದು, ದೊಡ್ಡ ದುಪಟ್ಟಾ, ತುಂಬು ತೋಳಿನ ರವಿಕೆ ಇರಲಿ. ಒಳಗೆ ನಡಿಗೆ ಜಾಸ್ತಿ.

ರಾಯಚೂರು ಬಿಸಿಲು:
ಹೈದರಾಬಾದಿನಿಂದ ಹೊರಟಿದ್ರೆ ಭಾನುವಾರವೇ ಇಳೀತಿದ್ರಿ.